ಲಾಡ್ಜಿನ ಗುಟ್ಟು

ನಮ್ಮ ಕಡೆ ಲಾಡ್ಜ್ ಎಂದರೆ ಬಸ್ ಸ್ಟ್ಯಾಂಡಿನ ಎದುರು, ಕೆಳಗೆ ಹೋಟೆಲು, ಮೇಲೆ ಬಾಡಿಗೆ ರೂಮುಗಳಿರುವ ಕಟ್ಟಡ. ಮದುವೆಗೆ ಬಂದ ನೆಂಟರಿಗೆ ಮನೆಯಲ್ಲಿ ಜಾಗ ಸಾಲದಿದ್ದರೆ ಅಲ್ಲಿ ನಾಲ್ಕು ರೂಮು ಹಿಡಿಯುತ್ತೇವೆ. ಉಳಿದ ದಿನಗಳಲ್ಲಿ ಊರಿನ ಮರ್ಯಾದಸ್ಥರು ಯಾರಾದರೂ ಅದರ ಮೆಟ್ಟಿಲು ಹತ್ತಿದರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಹಾಗಿರುವಾಗ 2023ರ ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಪಕ್ಕದ ಮನೆಯ ಎಪ್ಪತ್ತೈದು ದಾಟಿದ ಅಜ್ಜ ಕಪ್ಪು ಸೂಟು ತೊಟ್ಟು, ಚಪ್ಪಟೆ ಚರ್ಮದ ಚೀಲವೊಂದನ್ನು ಹಿಡಿದು ಹೊರಟಿದ್ದನ್ನು ಕಂಡು, "ಎಲ್ಲಿಗಂತೆ?" ಎಂದು ಕೇಳಿದೆ. "ಲಾಡ್ಜಿಗೆ ಅಮ್ಮ" ಎಂದಳು ಮಗಳು. ನಾನು ಕಾಫಿ ಲೋಟ ಕೆಳಗಿಟ್ಟೆ. ಹೆಂಡತಿಯೇ ಬಾಗಿಲಲ್ಲಿ ನಿಂತು ಕೈಬೀಸಿ ಕಳಿಸಿಕೊಡುತ್ತಿದ್ದಾರಲ್ಲ!

"ಆ ಲಾಡ್ಜ್ ಅಲ್ಲಮ್ಮ, ಅವರು ಮೇಸನ್ನು" ಎಂದು ಮಗಳು ನಕ್ಕಳು. ಮೇಸನ್ ಎಂದರೆ ಗಾರೆ ಕೆಲಸದವರು ಎಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಸೂಟು ಹಾಕಿಕೊಂಡು ಯಾವ ಗೋಡೆ ಕಟ್ಟುತ್ತಾರೆ? ಅಜ್ಜ ದುಡಿದದ್ದೆಲ್ಲ ಬ್ಯಾಂಕಿನಲ್ಲಂತೆ. ಇವರು ಫ್ರೀಮೇಸನ್ನರು. ಹಿಂದಿನ ಕಾಲದ ಕಲ್ಲುಕುಟಿಗರ ಕೂಟಗಳ ಹೆಸರನ್ನೂ ಸಲಕರಣೆಗಳನ್ನೂ ಲಾಂಛನವಾಗಿ ಇಟ್ಟುಕೊಂಡ ಸಂಘ. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜುಗಳು ಸೇರಿ ಒಂದು ಮೇಲ್ಸಂಸ್ಥೆಯನ್ನು ಕಟ್ಟಿಕೊಂಡವಂತೆ. ಪೇಟೆಗೆ ಹೋಗುವ ದಾರಿಯ ಇಟ್ಟಿಗೆ ಕಟ್ಟಡದ ಬಾಗಿಲ ಮೇಲೆ ಮೂಲೆಮಟ್ಟ ಮತ್ತು ಕೈವಾರದ ಚಿತ್ರ ನೋಡಿ, ಅದು ಗಣಿತ ಮೇಷ್ಟರುಗಳ ಸಂಘವಿರಬೇಕೆಂದು ನಾನು ಎಣಿಸಿದ್ದೆ. ಜಾಮಿಟ್ರಿ ಬಾಕ್ಸು ನೋಡಿ ನೋಡಿ ಕಣ್ಣು ಸವೆದವಳಿಗೆ ಇನ್ನೇನು ಹೊಳೆದೀತು?

ಇದು ನಮಗೆ ತೀರ ಹೊರಗಿನ ವಿಷಯವೂ ಅಲ್ಲ. ಹದಿನೆಂಟನೆಯ ಶತಮಾನದಲ್ಲೇ ಕಲ್ಕತ್ತೆಯಲ್ಲಿ ಲಾಡ್ಜ್ ಇತ್ತು. 1884ರಲ್ಲಿ ಕಲ್ಕತ್ತೆಯ ಒಂದು ಲಾಡ್ಜಿಗೆ ಸೇರಿದ ತರುಣರಲ್ಲಿ ನರೇಂದ್ರನಾಥ ದತ್ತ ಎಂಬುವರೊಬ್ಬರು. ಮುಂದೆ ವಿವೇಕಾನಂದರಾದವರು ಅವರೇ. ಭಾರತದ ಮೇಸನ್ನರಿಗೆ ತಮ್ಮದೇ ಗ್ರ್ಯಾಂಡ್ ಲಾಡ್ಜ್ ಆದದ್ದು 1961ರಲ್ಲಿ. ಬೆಂಗಳೂರಿನಲ್ಲೂ ಲಾಡ್ಜುಗಳಿವೆ. ಒಳಗೆ ಏನು ನಡೆಯುತ್ತದೆಂದು ತಿಳಿಯದ ಉತ್ತರ ಭಾರತದ ಜನ ಈ ಕಟ್ಟಡಗಳನ್ನು ಜಾದೂಘರ್ ಎಂದು ಕರೆಯುತ್ತಿದ್ದರಂತೆ.

ಇದೆಲ್ಲ ಆಮೇಲೆ ತಿಳಿದದ್ದು. ತಿಳಿಯಬೇಕೆಂಬ ಆಸೆ ಹುಟ್ಟಿದ್ದು ಮೊಮ್ಮಗನಿಂದ. ನಾಲ್ಕು ವರ್ಷದ ಆ ಪೋರ ಸೋಫಾ ಮೇಲಿಂದ ಹಾರಿ ಮುಂಗೈ ಊದಿಸಿಕೊಂಡ. ರಾತ್ರಿ ಎಂಟರ ಹೊತ್ತಿಗೆ ಅವನನ್ನು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದೆವು. ಬಿಳಿ ದೀಪ, ಗುರುತಿಲ್ಲದ ಮುಖಗಳು. ಮಗು ಕೈ ಮುಟ್ಟಗೊಡದೆ ಚೀರುತ್ತಿತ್ತು. ಆಗ ನರ್ಸಮ್ಮ ಕಪಾಟಿನಿಂದ ಒಂದು ಪುಟ್ಟ ಕರಡಿ ಗೊಂಬೆ ತಂದಳು. "ಇವನಿಗೂ ಕೈ ನೋವಂತೆ, ಮೊದಲು ಇವನಿಗೆ ಕಟ್ಟೋಣವೇ?" ಎಂದು ಕರಡಿಯ ಕೈಗೆ ಬ್ಯಾಂಡೇಜು ಸುತ್ತಿದಳು. ಮೊಮ್ಮಗ ಬಿಕ್ಕುತ್ತಲೇ ನೋಡಿದ. ಕರಡಿ ಅಳಲಿಲ್ಲ. ಇವನೂ ಕೈ ಚಾಚಿದ. ಹೊರಡುವಾಗ ಗೊಂಬೆ ಹಿಂದಿರುಗಿಸಲು ಹೋದರೆ, "ಅದು ಅವನದೇ" ಎಂದಳು. ಹೆಸರು ಬರೆದುಕೊಳ್ಳಲಿಲ್ಲ, ಸಹಿ ಹಾಕಿಸಲಿಲ್ಲ. ಗೊಂಬೆಯ ಅಂಗಿಯ ಮೇಲೆ ಟಿ.ಎಲ್.ಸಿ. ಎಂಬ ಮೂರು ಅಕ್ಷರ ಮಾತ್ರ ಇತ್ತು.

ಮರುದಿನ ಬೇಲಿಯಾಚೆ ಗುಲಾಬಿ ಕತ್ತರಿಸುತ್ತಿದ್ದ ಅಜ್ಜ ಗೊಂಬೆಯನ್ನು ನೋಡಿದವರೇ, "ಓಹೋ, ನಮ್ಮವನು!" ಎಂದರು. ಆಸ್ಪತ್ರೆಯಲ್ಲಿ ಹೆದರಿದ ಮಕ್ಕಳಿಗೆ ಕರಡಿ ಕೊಡುವ ಈ ಕೆಲಸ 2001ರಲ್ಲಿ ಎಸೆಕ್ಸಿನ ಮೇಸನ್ನರಿಂದಲೇ ಆರಂಭವಾಗಿ ಬೇರೆ ಪ್ರಾಂತ್ಯಗಳಿಗೂ ಹಬ್ಬಿದೆ. ಹಣ ಹೊಂದಿಸುವುದು ಇವರು. ಯಾವ ಮಗುವಿಗೆ ಕೊಡಬೇಕೆಂದು ತೀರ್ಮಾನಿಸುವುದು ಡಾಕ್ಟರು, ನರ್ಸುಗಳು. ಕೊಟ್ಟವರು ಪಡೆದವರ ಮುಖ ನೋಡುವುದಿಲ್ಲ. ನನ್ನ ಮೊಮ್ಮಗ ಪಕ್ಕದ ಮನೆಯವನಾದ್ದರಿಂದ ಅಜ್ಜನಿಗೆ ಆ ಭಾಗ್ಯ ಅಕಸ್ಮಾತ್ತಾಗಿ ಒದಗಿತು, ಅಷ್ಟೆ.

ಅಲ್ಲಿಂದ ಬೇಲಿಯ ಬಳಿ ನಮ್ಮ ಮಾತು ದಿನವೂ ಬೆಳೆಯಿತು. "ನಿಮ್ಮದು ಗುಟ್ಟಿನ ಸಂಘವಂತೆ?" ಎಂದು ನೇರವಾಗಿಯೇ ಕೇಳಿದೆ. ಮೇಷ್ಟ್ರುಗಿರಿ ಎಲ್ಲಿ ಬಿಡುತ್ತದೆ? ಅಜ್ಜ ನಕ್ಕರು. "ಗುಟ್ಟೆಂದು ಹೇಳುವುದೆಲ್ಲ ಎಂದೋ ಪುಸ್ತಕಗಳಲ್ಲಿ ಅಚ್ಚಾಗಿದೆ" ಎಂದು ತಮ್ಮ ಸೇರ್ಪಡೆಯ ದಿನದ ಕಥೆ ಹೇಳಿದರು. ಹೊಸಬನ ಬಳಿಯಿರುವ ನಾಣ್ಯ, ಉಂಗುರ, ಗಡಿಯಾರ ಎಲ್ಲವನ್ನೂ ಮೊದಲೇ ತೆಗೆದಿಡಿಸುತ್ತಾರೆ. ನಡುವೆ ಒಮ್ಮೆ, ಬಡವರಿಗಾಗಿ ಏನಾದರೂ ಕೊಡು ಎಂದು ಎಲ್ಲರೆದುರು ಕೇಳುತ್ತಾರೆ. ಅವನು ಜೇಬು ಮುಟ್ಟಿಕೊಂಡರೆ ಏನೂ ಇಲ್ಲ. ತಲೆ ತಗ್ಗಿಸಬೇಕು. ಆಗ ಹೇಳುತ್ತಾರೆ: ಈ ಗಳಿಗೆಯನ್ನು ಮರೆಯಬೇಡ, ಮುಂದೆ ಬರಿಗೈಯವನೊಬ್ಬ ನಿನ್ನೆದುರು ನಿಂತಾಗ ಇದನ್ನು ನೆನೆದುಕೋ.

ಮೂವತ್ತು ವರ್ಷ ಪಾಠ ಹೇಳಿದ್ದೇನೆ. ದಾನ ದೊಡ್ಡದು ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ! ಕೊಡುವವನಿಗೆ ಮೊದಲು ಕೇಳುವವನ ನಾಚಿಕೆ ಗೊತ್ತಿರಬೇಕು ಎಂಬ ಪಾಠವನ್ನು ಮಾತ್ರ ನಾನು ಹೇಳಿಕೊಟ್ಟಿರಲಿಲ್ಲ.

ಇವರು ಹಣ ಕೂಡಿಸುವ ಬಗೆ ನಮ್ಮ ಊರಿನ ಚಂದಾ ವಸೂಲಿಯಂತಲ್ಲ. ಬಹುಪಾಲು ತಮ್ಮ ಜೇಬಿನಿಂದ, ಮನೆಯವರಿಂದ, ಸ್ನೇಹಿತರಿಂದ. ಸಭೆ ಮುಗಿದ ಮೇಲೆ ಊಟ, ಊಟದ ಜೊತೆ ರಾಫಲ್ ಚೀಟಿ, ಬಹುಮಾನಕ್ಕೆ ಚಾಕೊಲೇಟು ಡಬ್ಬಿಯೋ ವೈನು ಬಾಟಲಿಯೋ. ಒಂದೊಂದು ಪ್ರಾಂತ್ಯಕ್ಕೆ ಸರದಿಯಂತೆ ಕೆಲವು ವರ್ಷಗಳ 'ಫೆಸ್ಟಿವಲ್' ಬರುತ್ತದೆ. ಆ ವರ್ಷಗಳಲ್ಲಿ ಸದಸ್ಯರು ತಿಂಗಳು ತಿಂಗಳು ಬ್ಯಾಂಕಿನಿಂದ ಇಷ್ಟು ಎಂದು ಕಟ್ಟುತ್ತಾರೆ. ನಾಲ್ಕು ದೊಡ್ಡ ಧರ್ಮಸಂಸ್ಥೆಗಳು 2016ರಲ್ಲಿ ಒಂದಾಗಿ ಮೇಸಾನಿಕ್ ಚಾರಿಟಬಲ್ ಫೌಂಡೇಷನ್ ಆಗಿದೆ. ಹಣ ಅಲ್ಲಿಗೆ ಹೋಗಿ, ಕಷ್ಟಕ್ಕೆ ಸಿಕ್ಕ ಮೇಸನ್ ಕುಟುಂಬಗಳಿಗೂ ಹೊರಗಿನ ಸೇವಾಸಂಸ್ಥೆಗಳಿಗೂ ಹಂಚಿಕೆಯಾಗುತ್ತದೆ. ಫೆಸ್ಟಿವಲ್ಲಿಗೆ ಕೊಟ್ಟವರು ಎದೆಯ ಮೇಲೆ ತೂಗಿಸಿಕೊಳ್ಳಲು ಒಂದು ಪದಕವೂ ಉಂಟು. "ಹಾಗಾದರೆ ನಿಮಗೂ ಹೆಸರಿನ ಆಸೆ ಇದೆ ಅನ್ನಿ" ಎಂದೆ. "ಮನುಷ್ಯರಲ್ಲವೇ?" ಎಂದರು ಅಜ್ಜ.

ಅಜ್ಜನ ಹೆಂಡತಿಗೆ ಈ ಸಂಘದ ಮೇಲೆ ಅಂಥ ಮೋಹವೇನಿರಲಿಲ್ಲ. "ಇವರ ಲಾಡ್ಜಿಗೆ ಹೆಂಗಸರನ್ನು ಸೇರಿಸುವುದಿಲ್ಲ. ನಮಗೆ ವರ್ಷಕ್ಕೊಂದು ಲೇಡೀಸ್ ನೈಟು, ಊಟ ಹಾಕಿ, ನಮ್ಮನ್ನು ಹೊಗಳಿ, ಒಂದು ಹಾಡು ಹೇಳಿ ಮನೆಗೆ ಕಳಿಸುತ್ತಾರೆ" ಎಂದು ಮೂಗು ಮುರಿದರು. ಹೆಂಗಸರದೇ ಲಾಡ್ಜುಗಳು ಆ ದೇಶದಲ್ಲಿ 1908ರಿಂದಲೂ ಬೇರೆಯಾಗಿ ನಡೆಯುತ್ತಿವೆ. ಇವರು ಅತ್ತ ಹೋದವರಲ್ಲ. ಮೇಸನ್ನರು ಒಬ್ಬರಿಗೊಬ್ಬರು ನೌಕರಿ, ಬಡ್ತಿ ಕೊಡಿಸಿಕೊಳ್ಳುತ್ತಾರೆಂಬ ಹಳೆಯ ದೂರನ್ನೂ ಅವರೇ ನನಗೆ ಹೇಳಿದರು.

ಆದರೆ ಒಂದು ವಿಷಯ ಬಂದಾಗ ಆಕೆಯ ದನಿ ಬದಲಾಯಿತು. ಪ್ರತಿ ಲಾಡ್ಜಿನಲ್ಲೂ ಆಲ್ಮನರ್ ಎಂಬ ಒಂದು ಹುದ್ದೆ ಇದೆ. ಕಾಯಿಲೆ ಬಿದ್ದವರನ್ನು, ತೀರಿಕೊಂಡವರ ಹೆಂಡತಿಯರನ್ನು ವಿಚಾರಿಸಿಕೊಳ್ಳುವುದು ಅವನ ಕೆಲಸ. ಯಾರ ಮನೆಯಲ್ಲಿ ಚಳಿಗಾಲಕ್ಕೆ ಬೇಕಾದ ಬಾಯ್ಲರ್ ಕೆಟ್ಟಿದೆ, ಯಾರು ಬಿಲ್ಲು ಕಟ್ಟಲಾರದೆ ಇದ್ದಾರೆ ಎಂದು ತಿಳಿದು ಮೇಲಿನವರಿಗೆ ಅರ್ಜಿ ಹಾಕಿಸಬೇಕು. ಅಜ್ಜ ಹಲವು ವರ್ಷ ಆ ಕೆಲಸ ಮಾಡಿದ್ದರು. "ಯಾರ ಮನೆಗೆ ಹೋಗಿ ಬಂದಿರಿ ಎಂದು ಎಷ್ಟು ಕೇಳಿದರೂ ನನಗೂ ಹೇಳುತ್ತಿರಲಿಲ್ಲ. ಕೈಕುಲುಕುವ ಗುಟ್ಟು ಯಾರಿಗೆ ಬೇಕು? ಈ ಗುಟ್ಟು ಇಟ್ಟುಕೊಂಡರಲ್ಲ, ಅದಕ್ಕೆ ನಾನು ಇವರನ್ನು ಮೆಚ್ಚಿದ್ದೇನೆ" ಎಂದರು ಆಕೆ.

ಆ ಮಾತು ನನ್ನ ಎದೆಗೆ ಮುಳ್ಳಿನಂತೆ ನಾಟಿತು. ಕಾರಣ ಹೇಳುತ್ತೇನೆ.

2011ರ ಡಿಸೆಂಬರು. ನಮ್ಮ ಮಲೆನಾಡಿನ ಅಂಚಿನ ಊರಿನಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಬಾಯಿಂದ ಹೊಗೆಯಾಡುತ್ತದೆ. ಊರಿನ ಸೇವಾಸಂಘವೊಂದು ಇಪ್ಪತ್ತು ಬಡ ಹುಡುಗಿಯರಿಗೆ ಸ್ವೆಟರು ಕೊಡಲು ಮುಂದೆ ಬಂತು. ಪಟ್ಟಿ ಮಾಡಿದವಳು ನಾನು. ವೇದಿಕೆಯಲ್ಲಿ ಮೈಕಿನ ಮುಂದೆ ಓದಿದವಳೂ ನಾನು. ನನ್ನ ಉಚ್ಚಾರ ಸ್ಪಷ್ಟವೆಂದು ಆ ಕೆಲಸ ಯಾವಾಗಲೂ ನನಗೇ. ಬರೀ ಹೆಸರಲ್ಲ, "ತಂದೆ ಇಲ್ಲ, ತಾಯಿ ಕೂಲಿ" ಎಂದು ಒಬ್ಬೊಬ್ಬಳ ಮನೆ ಕಥೆಯನ್ನೂ ಓದಿದೆ. ಸಭಿಕರ ಮನ ಕರಗಲಿ ಎಂದು ಸ್ವಲ್ಪ ನಿಧಾನವಾಗಿಯೇ ಓದಿದೆ. ಫೋಟೋ ತೆಗೆದರು. ಪತ್ರಿಕೆಯಲ್ಲೂ ಬಂತು.

ಸ್ವೆಟರುಗಳು ಕಡುಕೆಂಪು. ನಮ್ಮ ಶಾಲೆಯದು ನೀಲಿ. ಮರುದಿನ ಏಳನೆಯ ತರಗತಿಯ ಒಬ್ಬ ಹುಡುಗಿ ಬರೀ ಲಂಗ ರವಿಕೆಯಲ್ಲಿ ಕೈಕಟ್ಟಿ ನಡುಗುತ್ತಾ ನಿಂತಿದ್ದಳು. "ಸ್ವೆಟರ್ ಎಲ್ಲೇ?" ಎಂದು ಗದರಿದೆ. ನೆಲ ನೋಡುತ್ತಾ, "ಹಾಕ್ಕೊಂಡ್ರೆ ಎಲ್ರಿಗೂ ಗೊತ್ತಾಗುತ್ತೆ ಮಿಸ್" ಎಂದಳು. ಎಲ್ಲರಿಗೂ ಗೊತ್ತು ಮಾಡಿದವಳು ನಾನೇ ಎಂದು ಅವಳು ಹೇಳಲಿಲ್ಲ. ಆ ಚಳಿಗಾಲ ಪೂರ್ತಿ ಅವಳು ಅದನ್ನು ತೊಡಲಿಲ್ಲ. ಮುಂದಿನ ವರ್ಷ ಬೇರೆ ಊರಿಗೆ ಹೋದಳು. ತಪ್ಪಾಯಿತೆಂದು ಹೇಳಲು ನನಗೆ ಬಾಯಿ ಬಂದಿರಲಿಲ್ಲ.

ಇದನ್ನು ಅಜ್ಜನಿಗೆ ಹೇಳಿದೆ. ಅವರು ಒಳಗೆ ಹೋಗಿ ಒಂದು ಪುಸ್ತಕ ತಂದು ಚಿತ್ರ ತೋರಿಸಿದರು. 1788ರಲ್ಲಿ ರುಸ್ಪೀನಿ ಎಂಬ ಇಟಲಿ ಮೂಲದ ದಂತವೈದ್ಯ, ಕಷ್ಟಕ್ಕೆ ಬಿದ್ದ ಮೇಸನ್ನರ ಹೆಣ್ಣುಮಕ್ಕಳಿಗಾಗಿ ಲಂಡನ್ನಿನಲ್ಲಿ ಒಂದು ಶಾಲೆ ಕಟ್ಟಲು ಮುಂದಾದ. ಮರುವರ್ಷ ಹದಿನೈದು ಹುಡುಗಿಯರಿಂದ ಆರಂಭವಾದ ಆ ಶಾಲೆ 1934ರಲ್ಲಿ ರಿಕ್‌ಮನ್ಸ್‌ವರ್ತ್ ಎಂಬಲ್ಲಿಗೆ ಹೋಯಿತು. ಈಗ ಅಲ್ಲಿ ಯಾವ ಮನೆಯ ಹುಡುಗಿಯಾದರೂ ಓದಬಹುದು. 1802ರ ಆ ಚಿತ್ರದಲ್ಲಿ ಒಂದೇ ಬಗೆಯ ಉಡುಪಿನ ಪುಟ್ಟ ಹುಡುಗಿಯರು ಫ್ರೀಮೇಸನ್ಸ್ ಹಾಲಿನಲ್ಲಿ ದೊಡ್ಡ ಮನುಷ್ಯರೆದುರು ಸಾಲಾಗಿ ನಡೆದು ಹೋಗುತ್ತಿದ್ದಾರೆ. ಮುಂದೆ ರುಸ್ಪೀನಿ. ಮಕ್ಕಳನ್ನು ಕಂಡರೆ ಥೈಲಿಗಳು ಬಿಚ್ಚಿಕೊಳ್ಳುತ್ತವಲ್ಲ! "ನೋಡಿ, ನಾವೂ ಮೆರವಣಿಗೆ ಮಾಡಿಸಿದವರೇ. ಕಲಿಯಲು ಕಾಲ ಹಿಡಿಯಿತು" ಎಂದರು ಅಜ್ಜ. ನನಗೆ ಸಮಾಧಾನ ಹೇಳಲೆಂದೇ ತೋರಿಸಿದರೇನೋ. ನಾನು ಮಾತ್ರ ಆ ಸಾಲಿನ ಹುಡುಗಿಯರ ಮುಖಗಳನ್ನೇ ನೋಡುತ್ತಿದ್ದೆ.

ಊರಿಗೆ ಮರಳಿದ ವರ್ಷ ಚಳಿಗಾಲಕ್ಕೆ ಇನ್ನೊಂದು ಸಂಘದವರು ಬಂದರು. ಇಪ್ಪತ್ತೈದು ಸ್ವೆಟರು ಕೊಡುತ್ತೇವೆ, ಪಟ್ಟಿ ಕೊಡಿ ಎಂದರು. ನಾನು ಅಳತೆ ಬರೆದ ಚೀಟಿ ಕೊಟ್ಟೆ: ಚಿಕ್ಕದು ಎಂಟು, ನಡುವಿನದು ಹತ್ತು, ದೊಡ್ಡದು ಏಳು, ಬಣ್ಣ ಶಾಲೆಯ ನೀಲಿ. "ಹೆಸರು?" ಎಂದರು. "ಹೆಸರಿಲ್ಲ ಸಾರ್, ಅಳತೆ ಮಾತ್ರ." "ಹಾಗಾದ್ರೆ ಫೋಟೋ ಯಾರ ಜೊತೆ ಮೇಡಂ?" ಎಂದು ಒಬ್ಬರು ಕೇಳಿದರು. ಗಂಟಿನ ಜೊತೆ ತೆಗೆಸಿಕೊಳ್ಳಿ ಎಂದೆ. ಹೆಡ್‌ಮಾಸ್ಟರು ನನ್ನನ್ನು ಕೆಕ್ಕರಿಸಿ ನೋಡಿದರು. ಬಂದದ್ದು ಹದಿನೈದೇ. ಉಳಿದ ಹತ್ತಕ್ಕೆ ಸ್ಟಾಫ್ ರೂಮಿನಲ್ಲಿ ಒಂದು ಲಕೋಟೆ ಸುತ್ತಿತು. ಯಾರು ಎಷ್ಟು ಹಾಕಿದರೆಂದು ಬರೆದುಕೊಳ್ಳಲಿಲ್ಲ. ನಾನು ಓಡಾಡಿ ನೀಲಿ ಸ್ವೆಟರುಗಳನ್ನು ಹೊಂದಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಒಬ್ಬೊಬ್ಬಳನ್ನೇ ಕರೆದು, ನೋಟ್ ಪುಸ್ತಕದ ಕಟ್ಟಿನಂತೆ ಕೈಗಿಟ್ಟೆ.

ಸೋಮವಾರ ಪ್ರಾರ್ಥನೆಗೆ ನಿಂತಾಗ ಸಾಲು ಸಾಲು ನೀಲಿ. ಕೊಂಡವರು ಯಾರು, ಪಡೆದವರು ಯಾರು ಎಂದು ಎಣಿಸಹೊರಟರೆ ನನಗೇ ಲೆಕ್ಕ ತಪ್ಪುತ್ತಿತ್ತು. ಎಲ್ಲ ಹುಡುಗಿಯರೂ ಬೆಚ್ಚಗೆ ನಿಂತಿದ್ದರು. ಹನ್ನೆರಡು ವರ್ಷದ ಹಿಂದೆ ಅದೇ ಅಂಗಳದಲ್ಲಿ ನಡುಗುತ್ತಾ ನಿಂತವಳಿಗೆ ಇದು ತಲುಪುವುದಿಲ್ಲ. ಅವಳ ಹೆಸರು ನನಗೆ ಚೆನ್ನಾಗಿ ನೆನಪಿದೆ. ಅದನ್ನು ಒಮ್ಮೆ ಮೈಕಿನಲ್ಲಿ ಓದಿದ್ದು ಸಾಕು, ಇಲ್ಲಿ ಬರೆಯುವುದಿಲ್ಲ.