ನದಿಯ ಬಾಯಾರಿಕೆ

ಗಿಟಾರಿನ ನಾದವನ್ನು ವಿದ್ಯುತ್ತಿನಿಂದ ಹಿಗ್ಗಿಸಿ, ಡ್ರಮ್ಸಿನ ಬಡಿತವನ್ನು ಮುಂದಿಟ್ಟುಕೊಂಡು, 1950ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ರಾಕ್ ಸಂಗೀತವು ಬೆಂಗಳೂರಿಗೆ ಬಂದು ನೆಲೆಸಿದ ಮೇಲೂ ಬಹುಕಾಲ ಇಂಗ್ಲಿಷಿನಲ್ಲಿಯೇ ಹಾಡಿಕೊಂಡಿತ್ತು. ಕಾಲೇಜು ಉತ್ಸವಗಳಲ್ಲಿ ಹುಟ್ಟಿದ ತಂಡಗಳು ಹೊರನಾಡಿನ ಹಾಡುಗಳನ್ನು ಅಚ್ಚುಕಟ್ಟಾಗಿ ನುಡಿಸುವುದನ್ನೇ ಗುರಿಯಾಗಿಸಿಕೊಂಡವು. 2007ರ ಮಾರ್ಚಿನಲ್ಲಿ ಬ್ರಿಟನ್ನಿನ ಐರನ್ ಮೇಡನ್ ತಂಡ ಅರಮನೆ ಮೈದಾನದಲ್ಲಿ ಹಾಡಿದಾಗ ದೇಶದ ಮೂಲೆ ಮೂಲೆಯಿಂದ ಬಂದು ಸೇರಿದ ಜನಸ್ತೋಮವು ಈ ಊರಿಗೆ ರಾಕ್ ಸಂಗೀತದ ರಾಜಧಾನಿ ಎಂಬ ಹೆಸರನ್ನು ಗಟ್ಟಿ ಮಾಡಿತಾದರೂ, ಆ ರಾಜಧಾನಿಯ ಸಂಗೀತಕ್ಕೂ ಅದರ ಸುತ್ತಲ ನೆಲಕ್ಕೂ ಇದ್ದ ಅಂತರ ಹಾಗೆಯೇ ಉಳಿದಿತ್ತು. ಆ ಅಂತರವನ್ನು ದಾಟಿದವರಲ್ಲಿ ಸ್ವರಾತ್ಮ ಎಂಬ ಬ್ಯಾಂಡಿನವರು ಮುಖ್ಯರು. ರಾಯಚೂರು ಸೀಮೆಯ ಕೇಳುಗನಿಗೆ ಈ ತಂಡ ಏಕೆ ಇಷ್ಟೊಂದು ಹತ್ತಿರದ್ದಾಗಬೇಕು ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಜನಪದ ಹಾಡನ್ನು ರಾಕ್ ವಾದ್ಯಗಳಿಗೆ ಅಳವಡಿಸುವ ರೀತಿಗೆ ಜನಪದ ರಾಕ್ ಎಂದು ಹೆಸರು. 1965ರ ಜುಲೈ ತಿಂಗಳಲ್ಲಿ ನ್ಯೂಪೋರ್ಟ್ ಜನಪದ ಉತ್ಸವಕ್ಕೆ ಬಾಬ್ ಡಿಲನ್ ವಿದ್ಯುತ್ ಗಿಟಾರು ಹಿಡಿದು ಬಂದಾಗ ಸಭಿಕರಲ್ಲಿ ಹಲವರು ಕೂಗಾಡಿದರು. ನಾಲ್ಕು ವರ್ಷಗಳ ತರುವಾಯ ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ತಂಡ ತನ್ನ ನಾಡಿನ ಹಳೆಯ ಲಾವಣಿಗಳನ್ನು ಇದೇ ಗಿಟಾರಿಗೆ ಕೂಡಿಸಿ ಹಾಡಿದಾಗ ಅದು ಒಂದು ಪರಂಪರೆಯೇ ಆಯಿತು. ಕರ್ನಾಟಕದಲ್ಲಿ ರಘು ದೀಕ್ಷಿತ್ ಅವರು 2008ರಲ್ಲಿ ಹೊರತಂದ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಗಳಿಗೆ ಈ ಉಡುಗೆ ತೊಡಿಸಿ ಹೆಸರಾದರು. ಅವರ ತಮ್ಮ ವಾಸು ದೀಕ್ಷಿತ್ ಕಟ್ಟಿದ ಸ್ವರಾತ್ಮ, 2006ರಲ್ಲಿ ರೇಡಿಯೊ ಸಿಟಿ ನಡೆಸಿದ ಸ್ಪರ್ಧೆಯಲ್ಲಿ ಗೆದ್ದು ಬೆಳಕಿಗೆ ಬಂದು, 2009ರಲ್ಲಿ ತನ್ನದೇ ಹೆಸರಿನ ಮೊದಲ ಆಲ್ಬಮ್ಮನ್ನೂ 2012ರಲ್ಲಿ ‘ಟೋಪಿವಾಲೆ’ಯನ್ನೂ 2018ರಲ್ಲಿ ‘ರಾಹ್-ಎ-ಫಕೀರಾ’ವನ್ನೂ ಕೊಟ್ಟಿತು. ವಾಸು ಅವರ ಕಂಠ ಮತ್ತು ಗಿಟಾರು, ಜಿಷ್ಣು ದಾಸ್‌ಗುಪ್ತ ಅವರ ಬೇಸ್, ಸಂಜೀವ್ ನಾಯಕ್ ಅವರ ಪಿಟೀಲು, ಪವನ್ ಕುಮಾರ್ ಅವರ ತಾಳವಾದ್ಯಗಳು, ವರುಣ್ ಮುರಳಿ ಅವರ ಗಿಟಾರು, ಮಾಂಟ್ರಿ ಮ್ಯಾನುಯಲ್ ಅವರ ಡ್ರಮ್ಸ್: ಬಹುಕಾಲ ಒಟ್ಟಿಗಿದ್ದ ಈ ಆರು ಮಂದಿಯ ಮೇಳದಲ್ಲಿ ಕರ್ನಾಟಕ ಸಂಗೀತದ ಪಿಟೀಲಿಗೆ ಒಂದು ಗಮಕವನ್ನು ನಿಧಾನವಾಗಿ ಎಳೆದು ಮುಗಿಸುವಷ್ಟು ಬಿಡುವು ಸಿಗುತ್ತದೆ. ರಾಕ್ ಎಂಬ ಅವಸರದ ಸಂಗೀತದಲ್ಲಿ ಅಷ್ಟು ಬಿಡುವು ಅಪರೂಪ.

ಈ ತಂಡದ ಮೇಲಿನ ಅಭಿಮಾನಕ್ಕೆ ಒಂದೇ ಹಾಡನ್ನು ಸಾಕ್ಷಿಯಾಗಿ ಕೊಡಬೇಕೆಂದರೆ ಮೊದಲ ಆಲ್ಬಮ್ಮಿನ ‘ಪ್ಯಾಸಿ’ಯನ್ನೇ ಕೊಡಬೇಕು. ಬಾಯಾರಿದವಳು ಎಂದು ತನ್ನನ್ನು ಕರೆದುಕೊಳ್ಳುವ ಈ ಹಿಂದಿ ಹಾಡಿನ ನಾಯಕಿ ಕಾವೇರಿ ನದಿ. 1990ರಲ್ಲಿ ನ್ಯಾಯಮಂಡಳಿ ರಚನೆಯಾದಾಗಿನಿಂದ 2007ರ ಫೆಬ್ರುವರಿಯ ಅಂತಿಮ ತೀರ್ಪಿನವರೆಗೆ, ಅಲ್ಲಿಂದ 2018ರ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ, ಕಾವೇರಿಯ ನೀರು ಹಂಚಿಕೆಯ ವಿಷಯದಲ್ಲಿ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ರೈತರು, ವಕೀಲರು, ಮಂತ್ರಿಗಳು ಮಾತಾಡಿದ್ದಾರೆ. ಬಸ್ಸುಗಳು ಸುಟ್ಟಿವೆ, ಪಟ್ಟಣಗಳು ಬಂದ್ ಆಗಿವೆ. ಎಲ್ಲರೂ ನದಿಯ ಪರವಾಗಿ ಮಾತಾಡಿದ ಆ ಗದ್ದಲದಲ್ಲಿ ನದಿಗೇ ಬಾಯಿ ಕೊಟ್ಟದ್ದು ಈ ಹಾಡು. ನೀರೇ ತಾನಾದವಳು ಬಾಯಾರಿದ್ದೇನೆಂದು ಹೇಳುವಾಗ ಕೇಳುಗನಿಗೆ ಯಾರ ಪಕ್ಷ ಹಿಡಿಯಬೇಕೆಂಬ ಪ್ರಶ್ನೆಯೇ ಉಳಿಯುವುದಿಲ್ಲ. ಮೈಸೂರಿನ ನೀರು ಕುಡಿದು ಬೆಳೆದ ಹಾಡುಗಾರ ಮೈಸೂರಿನ ವಾದವನ್ನು ಮಂಡಿಸದೆ ನದಿಯ ಸಂಕಟವನ್ನು ಹಾಡಿದ್ದು ಧೈರ್ಯದ ಕೆಲಸ, ಮತ್ತು ಆ ಧೈರ್ಯವು ಹಾಡಿನೊಳಗೆ ಘೋಷಣೆಯಾಗಿ ಕೇಳಿಸದೆ ಅಳಲಾಗಿಯೇ ಕೇಳಿಸುವುದು ಅದರ ಹೆಚ್ಚುಗಾರಿಕೆ.

ರಾಯಚೂರು ಸೀಮೆಯೆಂದರೆ ಇಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಭಾಗ. ಕಾವೇರಿಗೂ ಈ ಸೀಮೆಗೂ ನೂರಾರು ಮೈಲಿಗಳ ದೂರ. ಆದರೂ ಈ ಹಾಡನ್ನು ಇಲ್ಲಿಯವರಷ್ಟು ಚೆನ್ನಾಗಿ ಅರಿಯಬಲ್ಲವರು ಕಾವೇರಿಯ ದಂಡೆಯಲ್ಲೂ ಹೆಚ್ಚಿರಲಾರರು. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುತ್ತದೆ; ಮಸ್ಕಿ ಮತ್ತು ಲಿಂಗಸುಗೂರಿನ ಕಡೆಗೆ ಸರಿದಂತೆ ಕಾಲುವೆಯಿಲ್ಲದ ಎರೆಹೊಲಗಳಲ್ಲಿ ಜೋಳ, ಸಜ್ಜೆ, ತೊಗರಿ ಮಳೆಯನ್ನೇ ನಂಬಿ ನಿಲ್ಲುತ್ತವೆ. ನೀರು ಕಂಡ ಹಳ್ಳಿಯೂ ನೀರು ಕಾಣದ ಹಳ್ಳಿಯೂ ಒಂದೇ ಸಂತೆಗೆ ಬರುವ ನಾಡು ಇದು. ಕಾಲುವೆಯಿದ್ದಲ್ಲಿಯೂ ನೀರು ಇದ್ದೇ ಇರುತ್ತದೆಂಬ ಭರವಸೆಯಿಲ್ಲ. ಸುಮಾರು 226 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ಮೋಟಾರು ಹಚ್ಚಿ, ಪೈಪು ಇಳಿಸಿ ನೀರೆತ್ತಿಕೊಂಡ ಮೇಲೆ ಉಳಿದದ್ದು ಕೊನೆ ಭಾಗಕ್ಕೆ ಬರಬೇಕು. ಕಾಲುವೆಯ ಮೈಲುಗಲ್ಲಿನ ಬಳಿ ಗೇಜು ಇಷ್ಟು ಅಡಿ ಇರಬೇಕೆಂದು ಧರಣಿ ಕೂಡುವುದು, ರಾತ್ರಿಯಿಡೀ ತೂಬಿನ ಬಳಿ ಕಾವಲಿರುವುದು ಕೊನೆ ಭಾಗದ ರೈತನ ಹಂಗಾಮಿನ ಕೆಲಸಗಳಲ್ಲಿ ಸೇರಿಹೋಗಿದೆ. ತುಂಗಭದ್ರಾ ಜಲಾಶಯವೂ ಕಟ್ಟಿದಾಗ ಇದ್ದಂತೆ ಈಗಿಲ್ಲ: ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಅದರ ಒಡಲಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಯಷ್ಟೇ ಹಿಡಿಯುತ್ತದೆ, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತುಂಬಿದ್ದ ಜಲಾಶಯದಿಂದ ನೀರು ವ್ಯರ್ಥವಾಗಿ ಹರಿಯುವುದನ್ನು ಟಿವಿಯಲ್ಲಿ ನೋಡುತ್ತ ಭತ್ತ ನಾಟಿ ಮಾಡಿದವರು ಕಳೆದ ದಿನಗಳನ್ನು ಬಲ್ಲವರಿಗೆ, ನದಿಯೊಂದು ತಾನೇ ಬಾಯಾರಿದ್ದೇನೆ ಎನ್ನುವ ಮಾತು ಕವಿಯ ಕಲ್ಪನೆಯಾಗಿ ತೋರುವುದಿಲ್ಲ. ಮಸ್ಕಿ ಭಾಗದ ಒಣ ಹಳ್ಳಿಗಳ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರಿಂದ ನಡೆಸಿದ ದೀರ್ಘ ಧರಣಿಯೂ ಇದೇ ಬಾಯಾರಿಕೆಯ ಇನ್ನೊಂದು ಮುಖ.

ಇನ್ನೂ ಆಳದ ಕಾರಣವೊಂದಿದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನಾಡಿಗೇ ಹೆಸರಾದದ್ದು. ಸುತ್ತಲಿನ ಹಳ್ಳಿಗಳಲ್ಲಿ ಮುಸ್ಲಿಮರ ಮನೆಗಳಿಲ್ಲದ ಕಡೆಯೂ ಅಲಾಯಿ ದೇವರು ಕೂಡುತ್ತವೆ, ಹಿಂದೂ ಮನೆತನದವರು ಹರಕೆ ಹೊತ್ತು ಫಕೀರರಾಗುತ್ತಾರೆ. ಆ ದಿನಗಳಲ್ಲಿ ಹಾಡುವ ಪದಗಳಿಗೆ ರಿವಾಯತ್ ಎನ್ನುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಲ್ಲಿ, ಯೂಫ್ರೆಟಿಸ್ ನದಿ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದೂ ನೀರು ನಿರಾಕರಿಸಲ್ಪಟ್ಟು, ಹಸುಗೂಸುಗಳೊಂದಿಗೆ ಬಾಯಾರಿ ಮಡಿದ ಹುಸೇನರ ಪರಿವಾರದ ಕಥೆ ಅವುಗಳ ವಸ್ತು. ಹಲಿಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ, ಬೆಂಕಿ ಹೊತ್ತಿಸುವ ಅಲಾಯಿ ಕುಣಿಯ ಸುತ್ತ ತಿರುಗುತ್ತ, ಮುಂದಾಳು ಒಂದು ಸಾಲನ್ನು ಎತ್ತಿಕೊಟ್ಟರೆ ಹಿಮ್ಮೇಳದವರು ಅದರ ಕೊನೆಯ ತುಣುಕನ್ನು ಹಿಡಿದು ಮರಳಿಸುತ್ತಾರೆ; ಪದ ಮುಂದೆ ಸಾಗಿದಂತೆ ಹಾಡುವವನು ಕಥೆಗಾರನಾಗಿ ಉಳಿಯದೆ ನೀರಿಗೆ ಹೋದ ತಮ್ಮನಾಗುತ್ತಾನೆ, ಕೂಸನ್ನು ಎತ್ತಿಕೊಂಡ ತಾಯಿಯಾಗುತ್ತಾನೆ. ಕೇಳಲು ನಿಂತವರಿಗೆ ಶರಬತ್ತು ಹಂಚುವುದು ಆ ಬಾಯಾರಿಕೆಯ ನೆನಪಿಗಾಗಿಯೇ. ನದಿಯಿದ್ದೂ ನೀರಿಲ್ಲದ ದುಃಖವನ್ನು ತಲೆತಲಾಂತರದಿಂದ ಹಾಡುತ್ತ ಬಂದ ಸೀಮೆಯಲ್ಲಿ ‘ಪ್ಯಾಸಿ’ ಹೊರಗಿನಿಂದ ಬಂದ ಹಾಡಾಗಿ ಕೇಳಿಸುವುದು ಸಾಧ್ಯವೇ ಇಲ್ಲ.

ರಿವಾಯತಿನ ಕಿವಿಯಿಂದ ಕೇಳಿದಾಗ ಸ್ವರಾತ್ಮದ ಹಾಡುಗಳ ರಚನೆಯೂ ಸ್ಪಷ್ಟವಾಗುತ್ತದೆ. ರಾಕ್ ಸಂಗೀತದಲ್ಲಿ ರಿಫ್ ಎಂದು ಕರೆಯುವುದು ಮತ್ತೆ ಮತ್ತೆ ಮರಳುವ ಒಂದು ಚಿಕ್ಕ ಸ್ವರಗುಚ್ಛವನ್ನು. ಹಾಡು ಎಲ್ಲಿಗೆ ಹೋದರೂ ಕೇಳುಗನ ಕಾಲಿಗೆ ನೆಲ ಸಿಗುವಂತೆ ಅದು ನೋಡಿಕೊಳ್ಳುತ್ತದೆ. ರಿವಾಯತ್ ಹಾಡುತ್ತ ಕುಣಿಯುವ ಹೆಜ್ಜೆ ಮೇಳದಲ್ಲಿ ಹಲಿಗೆಯೂ ಹಿಮ್ಮೇಳವೂ ಮಾಡುವ ಕೆಲಸ ಇದೇ. ಬೇಸ್ ಗಿಟಾರು ಮತ್ತು ಡ್ರಮ್ಸು ಒಂದೇ ಪಟ್ಟಿನಲ್ಲಿ ನಿಂತು, ಪಿಟೀಲು ಅದರ ಮೇಲೆ ಗೋಳಿಡುವಾಗ, ವಾಸು ದೀಕ್ಷಿತ್ ಅವರ ಧ್ವನಿ ಮೆಲುದನಿಯಿಂದ ಕೂಗಿನವರೆಗೆ ಏರುವ ಬಗೆ ರಂಗದ ನಟನದ್ದು. ಆ ಕಂಠ ಅತ್ಯಂತ ಸುಶ್ರಾವ್ಯವಾದದ್ದೇನಲ್ಲ. ತನ್ನನ್ನು ಮರೆತು ಇನ್ನೊಬ್ಬರಾಗುವ ಕಂಠ ಅದು, ಮತ್ತು ಇಂಥ ಹಾಡಿಗೆ ಬೇಕಾದದ್ದೂ ಅದೇ.

ಇನ್ನೊಬ್ಬರಾಗುವ ಈ ಗುಣ ಅವರ ವೇದಿಕೆಯ ವೇಷದಲ್ಲಿಯೂ ಇದೆ. ಬಿದಿರು, ಬಟ್ಟೆಗಳಿಂದ ಕುದುರೆಯ ಮೈ ಮಾಡಿ ನಡುವಿಗೆ ಕಟ್ಟಿಕೊಂಡು, ಕುಣಿಯುವವನ ಕಾಲುಗಳೇ ಕುದುರೆಯ ಕಾಲುಗಳಾಗುವಂತೆ ಕುಣಿಯುವ ಕೀಲುಕುದುರೆ ಜಾತ್ರೆ, ಮೆರವಣಿಗೆಗಳ ಹಳೆಯ ಕಲೆ. ಅದನ್ನು ಕಟ್ಟಿಕೊಂಡು ವಾಸು ವೇದಿಕೆಗೆ ಇಳಿದದ್ದು ನಗರದ ಕೇಳುಗರಿಗೆ ಹೊಸದು. ಮೊಹರಮ್ಮಿನಲ್ಲಿ ಹುಲಿವೇಷ ಹಾಕಿದವರನ್ನು ಕಂಡು ಬೆಳೆದವರಿಗೆ ಅದು ಮನೆಯ ಮಾತು. ಹಾಡಿನ ವಸ್ತುವನ್ನು ಆಯುವಾಗಲೂ ತಂಡ ಹಿಂಜರಿಯುವುದಿಲ್ಲ: ‘ಟೋಪಿವಾಲೆ’ ರಾಜಕಾರಣಿಗಳ ಬಣ್ಣ ಬಯಲು ಮಾಡುತ್ತದೆ; ‘ಘುಮ್’ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಂತಹ, ಮನೆಗಳಲ್ಲಿ ಬಾಯಿ ಬಿಡದ ವಿಷಯವನ್ನು ಎತ್ತಿಕೊಳ್ಳುತ್ತದೆ. 2009ರಲ್ಲಿ ಬ್ರಿಟಿಷ್ ಕೌನ್ಸಿಲ್ಲಿನ ಯೋಜನೆಯೊಂದರಲ್ಲಿ, ರೇಡಿಯೊಹೆಡ್ ತಂಡದ ಆಲ್ಬಮ್ಮನ್ನು ರೂಪಿಸಿದ್ದ ಜಾನ್ ಲೆಕಿ ಇವರ ಧ್ವನಿಮುದ್ರಣ ಮಾಡಿದ್ದು ಅವರಿಗೆ ಸಂದ ಗೌರವಗಳಲ್ಲಿ ಒಂದು. ಆದರೆ ವಿದೇಶದ ಮನ್ನಣೆಯಿಂದ ಅಳೆಯಬೇಕಾದ ತಂಡ ಇದಲ್ಲ.

ಅಭಿಮಾನಿಗೂ ಒಂದು ಕೊರಗು ಇರುತ್ತದೆ. ಕನ್ನಡ ನೆಲದ ಈ ತಂಡದ ಹಾಡುಗಳಲ್ಲಿ ಹೆಚ್ಚಿನವು ಹಿಂದಿಯವು. ಮೊದಲ ಆಲ್ಬಮ್ಮಿನ ‘ಈ ಭೂಮಿ’ಯಂಥ ಕನ್ನಡ ಹಾಡುಗಳು ಕಡಿಮೆ. ದೇಶದಾದ್ಯಂತ ಹಾಡುವ ತಂಡದ ಅನಿವಾರ್ಯತೆ ಅರ್ಥವಾಗುವಂಥದ್ದೇ. ‘ಪ್ಯಾಸಿ’ಯ ಮಟ್ಟಿಗಂತೂ ಹಿಂದಿಯೇ ಸರಿಯಾದ ಆಯ್ಕೆ ಎನ್ನಬೇಕು: ಕಾವೇರಿ ಕನ್ನಡದಲ್ಲಿ ಮಾತಾಡಿದ್ದರೆ ತಮಿಳರಿಗೆ, ತಮಿಳಿನಲ್ಲಿ ಮಾತಾಡಿದ್ದರೆ ಕನ್ನಡಿಗರಿಗೆ ಅವಳು ಎದುರಾಳಿಯ ಸಾಕ್ಷಿಯಾಗಿ ಕಾಣುತ್ತಿದ್ದಳು, ಇಬ್ಬರದ್ದೂ ಅಲ್ಲದ ಭಾಷೆಯಲ್ಲಿ ಮಾತಾಡಿದ್ದರಿಂದ ಇಬ್ಬರೂ ಕೇಳುವಂತಾಯಿತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು ಉರ್ದುವಿನ ಬಳಕೆ ಉಳಿಸಿಕೊಂಡಿರುವ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳೂ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳೂ ಇರುವ ಸಿಂಧನೂರಿನ ಸೀಮೆಗೆ ಹಿಂದಿ ಕಷ್ಟದ್ದೂ ಅಲ್ಲ. ಹಾಗಿದ್ದರೂ ಎಲ್ಲ ಹಾಡಿಗೂ ಈ ಸಮರ್ಥನೆ ಒದಗದು.

ಹಾಡಿನ ಮೇಲಿನ ಅಭಿಮಾನ ಎಂಥದ್ದಾಗಿರಬಲ್ಲದು ಎಂಬುದಕ್ಕೆ ಈ ನೆಲದಲ್ಲಿಯೇ ದೊಡ್ಡ ನಿದರ್ಶನವಿದೆ. ಈ ಸೀಮೆಯ ಗೊರೇಬಾಳ ಎಂಬ ಊರಿನ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡ ಗೊರೇಬಾಳ ಹನುಮಂತರಾಯರು, ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಮೊದಲಾದ ಹರಿದಾಸರ ಪದಗಳ ಹಸ್ತಪ್ರತಿಗಳನ್ನು ಸಂಗ್ರಹಿಸಿ, ಲಿಂಗಸುಗೂರಿನ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಅಚ್ಚು ಹಾಕಿಸಿದರು. ಬಾಯಿಂದ ಬಾಯಿಗೆ ಬಂದ ಹಾಡನ್ನು ಮೆಚ್ಚಿದವನು ಅದನ್ನು ಹುಡುಕಿ, ತಿದ್ದಿ, ಮುಂದಿನವರ ಕೈಗೆ ಕೊಡುವ ಈ ಶ್ರಮವು ಭಕ್ತಿಯಷ್ಟೇ ಅಭಿಮಾನವೂ ಹೌದು. ರಿವಾಯತ್ ಪದಗಳಿಗೂ ಅಂಥ ಕೈಗಳು ಇನ್ನಷ್ಟು ಬೇಕಾಗಿವೆ. ಹಳ್ಳಿಯ ಹಾಡುಗಾರರ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟ ಪದಗಳು ಆ ಹಾಡುಗಾರರೊಂದಿಗೇ ಹೋಗಿಬಿಡುವುದುಂಟು.

ಸ್ವರಾತ್ಮದಿಂದ ಈ ಸೀಮೆಯ ಕೇಳುಗ ಬೇಡಬಹುದಾದದ್ದು ತುಂಗಭದ್ರೆಯ ಹಾಡೊಂದನ್ನು. ಅದು ಕನ್ನಡದಲ್ಲಿರಬೇಕು. ಹೂಳು ತುಂಬಿದ ನದಿ, ಮೇಲ್ಭಾಗದಲ್ಲಿ ಬರಿದಾಗಿ ಕೊನೆ ಭಾಗದ ತೂಬಿಗೆ ಕೈಬೀಸಿಕೊಂಡು ಬರುವ ಕಾಲುವೆ, ಮಸ್ಕಿಯ ಎರೆಹೊಲದ ಬಿರುಕು, ಇವುಗಳಲ್ಲಿ ಯಾವುದಾದರೂ ಒಂದು ತನ್ನ ಬಾಯಿಂದಲೇ ಮಾತಾಡಬೇಕು. ಸಂಜೀವ್ ನಾಯಕರ ಪಿಟೀಲಿನ ಜೊತೆಗೆ ಮುದಗಲ್ಲಿನ ಹಲಿಗೆ ಇರಬೇಕು, ಹಿಮ್ಮೇಳಕ್ಕೆ ಹೆಜ್ಜೆ ಮೇಳದವರೇ ನಿಲ್ಲಬೇಕು. ಅದರ ಮೊದಲ ಪ್ರದರ್ಶನ ಅರಮನೆ ಮೈದಾನದಲ್ಲಿ ಆಗದೆ ಸಿಂಧನೂರಿನಲ್ಲಿ, ಕಾಲುವೆಗೆ ನೀರು ಬಿಡುವುದನ್ನು ರೈತರು ಎದುರು ನೋಡುವ ಆಷಾಢದ ದಿನಗಳಲ್ಲಿ ನಡೆಯಬೇಕು.