ಕೊಡವಿದರೆ ಬೀಳದ್ದು

ಹಳೆಯ ಪುಸ್ತಕಗಳ ಲೋಕದಲ್ಲಿ ನಡೆಯುವ ಪ್ರೇಮ-ಪತ್ತೇದಾರಿ ಕಾದಂಬರಿ ಸಿಕ್ಕಿತೆಂದರೆ ನನಗೆ ಊಟವೂ ಬೇಡ, ನಿದ್ದೆಯೂ ಬೇಡ. ಮೊನ್ನೆ ಚಾರ್ಲಿ ಲವೆಟ್ ಬರೆದ ‘ದಿ ಬುಕ್‌ಮನ್ಸ್ ಟೇಲ್’ ಕೈಗೆ ಬಂತು. 2013ರದ್ದು, ನನಗೆ ಸಿಕ್ಕಿದ್ದು ಈಗ. ನಾಯಕ ಪೀಟರ್ ಬಯರ್ಲಿ ಹಳೆ ಪುಸ್ತಕದ ವ್ಯಾಪಾರಿ, ಹೆಂಡತಿಯನ್ನು ಕಳೆದುಕೊಂಡು ಮಂಕಾಗಿದ್ದಾನೆ. ಊರಿಗೆ ಊರೇ ಹಳೆ ಪುಸ್ತಕದಂಗಡಿಯಾಗಿರುವ ವೇಲ್ಸ್‌ನ ಹೇ-ಆನ್-ವೈಯಲ್ಲಿ ಒಂದು ಪುಸ್ತಕ ಬಿಚ್ಚುತ್ತಾನೆ. ಶೇಕ್ಸ್‌ಪಿಯರ್ ಹೆಸರಿನ ಖೋಟಾ ಕಾಗದಗಳ ಬಗ್ಗೆ ಹದಿನೆಂಟನೇ ಶತಮಾನದಲ್ಲಿ ಬಂದ ಪುಸ್ತಕ. ಒಳಗಿಂದ ಜಲವರ್ಣದ ಚಿತ್ರವೊಂದು ಜಾರುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಚಿತ್ರ, ಅದರಲ್ಲಿರುವ ಹೆಂಗಸು ಮಾತ್ರ ತೀರಿಕೊಂಡ ಅವನ ಹೆಂಡತಿಯ ಪಡಿಯಚ್ಚು!

ಪುಸ್ತಕ ಮಗುಚಿಟ್ಟು, ಎದ್ದು ಕಾಫಿ ಮಾಡಿಕೊಂಡೆ. ಅರ್ಧ ಖುಷಿಗೆ, ಅರ್ಧ ಸಿಟ್ಟಿಗೆ.

ಸಿಟ್ಟು ಯಾಕೆಂದರೆ, ಮತ್ತೆ ಬಿತ್ತು. ಈ ಜಾತಿಯ ಕಾದಂಬರಿಗಳಲ್ಲಿ ಪುಸ್ತಕ ಬಿಚ್ಚಿದರೆ ಸಾಕು, ಏನಾದರೂ ಬೀಳಲೇಬೇಕು. ಎ. ಎಸ್. ಬಯಟ್ ಅವರಿಗೆ 1990ರಲ್ಲಿ ಬುಕರ್ ತಂದುಕೊಟ್ಟ ‘ಪೊಸೆಶನ್’ ಶುರುವಾಗುವುದೂ ಹಾಗೆಯೇ. ಲಂಡನ್ ಲೈಬ್ರರಿಯಲ್ಲಿ, ಕವಿಯೊಬ್ಬನ ಸ್ವಂತದ ಪುಸ್ತಕದೊಳಗೆ, ಅಪರಿಚಿತ ಹೆಣ್ಣಿಗೆ ಬರೆಯಲು ಹೊರಟು ನಿಂತುಹೋದ ಪತ್ರದ ಎರಡು ಕರಡು. ಬಯಟ್ ಜಾಣೆ. ಆ ಪುಸ್ತಕವನ್ನು ಬಹುಕಾಲ ಯಾರೂ ಬಿಚ್ಚಿಲ್ಲ ಎಂಬುದಕ್ಕೆ ಧೂಳನ್ನೇ ಸಾಕ್ಷಿ ನಿಲ್ಲಿಸಿದ್ದಾರೆ, ಹಾಗಾಗಿ ಅವರಿಗೆ ಮಾಫಿ. ಉಳಿದವರಿಗಿಲ್ಲ.

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಮಾರುವವರನ್ನು ಒಮ್ಮೆ ನೋಡಿ. ರಾಶಿ ಹಾಕುವ ಮೊದಲು ಎರಡು ರಟ್ಟನ್ನೂ ಅಗಲಿಸಿ, ತಲೆಕೆಳಗು ಹಿಡಿದು, ಚೆನ್ನಾಗಿ ಕೊಡವುತ್ತಾರೆ. ಏನಾದರೂ ಸಿಗುವುದುಂಟಾ ಎಂದು ಒಬ್ಬರನ್ನು ಕೇಳಿದೆ. “ಲೈಟ್ ಬಿಲ್ಲು, ಒಣಗಿದ ಗುಲಾಬಿ, ಯಾರದೋ ಪಾಸ್‌ಪೋರ್ಟ್ ಸೈಜ್ ಫೋಟೋ. ದುಡ್ಡು ಮಾತ್ರ ಯಾವ ನನ್ಮಗನೂ ಇಟ್ಟಿರಲ್ಲ ಸಾರ್” ಎಂದರು. ಇವರಿಗಿರುವ ಈ ಬುದ್ಧಿ ಹೇ-ಆನ್-ವೈಯ ಅಂಗಡಿಯವರಿಗೆ ಇರುವುದಿಲ್ಲವೇ? ಪುಸ್ತಕ ಕಪಾಟಿಗೆ ಏರುವಷ್ಟರಲ್ಲಿ ಆ ಜಲವರ್ಣ ಚೌಕಟ್ಟು ಹಾಕಿಸಿಕೊಂಡು, ಬೆಲೆಚೀಟಿ ಸಮೇತ ಗೋಡೆ ಮೇಲಿರುತ್ತಿತ್ತು.

ಇನ್ನೊಂದು, ಬಿಳಿ ಕೈಗವಸು. ಸಿನಿಮಾದಲ್ಲಿ ಹಳೆಯ ಪುಸ್ತಕ ಮುಟ್ಟುವ ಪ್ರೊಫೆಸರು ಮೊದಲು ಹತ್ತಿಯ ಕೈಗವಸು ಏರಿಸುತ್ತಾನೆ, ಹಿಂದೆ ಪಿಟೀಲು. ಬ್ರಿಟಿಷ್ ಲೈಬ್ರರಿ ಸಾಮಾನ್ಯವಾಗಿ ಕೇಳುವುದು ತೊಳೆದು ಒರೆಸಿದ ಬರಿಗೈಯನ್ನು. ಗವಸು ಹಾಕಿದ ಬೆರಳಿಗೆ ಹಾಳೆಯ ಅಂಚು ಗೊತ್ತಾಗುವುದಿಲ್ಲ, ಹರಿಯುವುದೇ ಹಾಗೆ. ಇದನ್ನು ಎಷ್ಟು ಜನಕ್ಕೆ ಹೇಳಿದೆನೋ! ನಮ್ಮ ಪುಸ್ತಕಪ್ರಿಯರ ಕೂಟದಲ್ಲಿ ಮೊನ್ನೆ ಒಬ್ಬರು ಗವಸು ತೊಟ್ಟೇ ಬಂದರು. ಪುಟ ತಿರುಗಿಸಲು ಆಗದೆ, ಗವಸಿನ ಬೆರಳನ್ನೇ ನಾಲಿಗೆಗೆ ತಾಗಿಸಿದರು. ನಾನು ಎದ್ದು ಹೊರಗೆ ಹೋದೆ.

ಹಳೆಯದೆಲ್ಲ ಮುಟ್ಟಿದರೆ ಪುಡಿಯಾಗುತ್ತದೆ ಎಂಬುದೂ ಇಂಥದೇ ಕಟ್ಟುಕತೆ. ನನ್ನಲ್ಲಿರುವ 1930ರ ದಶಕದ ಪತ್ತೇದಾರಿ ಪುಸ್ತಕಗಳು ಹಪ್ಪಳದಂತೆ ಮುರಿಯುತ್ತವೆ, ಮರದ ತಿರುಳಿನ ಕಾಗದ, ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಅದಕ್ಕಿಂತ ನೂರೈವತ್ತು ವರ್ಷ ಹಳೆಯದಾದ ಇಂಗ್ಲಿಷ್ ಧರ್ಮಪ್ರವಚನದ ಸಂಪುಟವೊಂದಿದೆ, ಚಿಂದಿ ಬಟ್ಟೆಯಿಂದ ಮಾಡಿದ ಕಾಗದ, ಗಟ್ಟಿಮುಟ್ಟು. ಓದಲು ಅಸಾಧ್ಯ, ಬೆಳಕಿಗೆ ಹಿಡಿಯಲು ಅದ್ಭುತ.

ಬೆಳಕಿಗೆ ಹಿಡಿಯುವುದು ನನ್ನ ಖಯಾಲಿ. ಕೈಯಲ್ಲಿ ಮಾಡಿದ ಆ ಕಾಲದ ಕಾಗದದಲ್ಲಿ ಜರಡಿಯ ತಂತಿಗಳು ಗುರುತು ಬಿಟ್ಟಿರುತ್ತವೆ. ಒತ್ತೊತ್ತಾಗಿ ಸಣ್ಣ ಗೆರೆಗಳು, ಅವಕ್ಕೆ ಅಡ್ಡವಾಗಿ ಅಂಗುಲಕ್ಕೊಂದರಂತೆ ದೊಡ್ಡ ಗೆರೆ. ಅಚ್ಚಾದ ಹಾಳೆಯನ್ನು ಒಂದೇ ಸಲ ಮಡಚಿ ಮಾಡಿದ ಪುಸ್ತಕದಲ್ಲಿ ಈ ದೊಡ್ಡ ಗೆರೆ ನಿಂತಿರುತ್ತದೆ. ಎರಡು ಸಲ ಮಡಚಿದರೆ ಮಲಗುತ್ತದೆ. ಮೂರು ಸಲ ಮಡಚಿದರೆ ಮತ್ತೆ ಎದ್ದು ನಿಲ್ಲುತ್ತದೆ. ಎಲ್ಲ ನಿಂತಿರುವ ಕಡೆ ಒಂದು ಮಲಗಿತ್ತೋ, ಆ ಹಾಳೆ ಬೇರೆ ಮನೆಯದು. ಗುಟ್ಟು ಕಾಗದದಲ್ಲೇ ಇರುವಾಗ ಕಾದಂಬರಿಕಾರರು ಅದರೊಳಗೆ ಇನ್ನೊಂದು ಕಾಗದ ಯಾಕೆ ತುರುಕಬೇಕು?

ಖದೀಮರು ಇದನ್ನು ಕಾದಂಬರಿಕಾರರಿಗಿಂತ ಮೊದಲೇ ಅರಿತಿದ್ದರು. ವಿಲಿಯಂ ಹೆನ್ರಿ ಐರ್ಲೆಂಡ್ ಎಂಬ ಹುಡುಗ, ಇನ್ನೂ ಇಪ್ಪತ್ತರ ಆಸುಪಾಸು, 1795ರ ಹೊತ್ತಿಗೆ ಶೇಕ್ಸ್‌ಪಿಯರನ ಕೈಬರಹವೆಂದು ಕಂತೆ ಕಂತೆ ಸೃಷ್ಟಿಸಿದ. ಅದರಲ್ಲಿ ಆ್ಯನ್ ಹ್ಯಾಥವೇಗೆ ಬರೆದ ಪ್ರೇಮಪತ್ರವೂ ಒಂದು, ಜೊತೆಗೆ ಒಂದು ಕೂದಲ ಗೊಂಚಲು! ಹಳೆಯ ಸಂಪುಟಗಳ ಖಾಲಿ ಹಾಳೆ ಕತ್ತರಿಸಿ ತಂದು ಅದರ ಮೇಲೆ ಬರೆಯುತ್ತಿದ್ದ. ಎಲಿಜಬೆತ್ ರಾಣಿಯ ಕಾಲದಲ್ಲಿ ಹೂಜಿಯ ವಾಟರ್‌ಮಾರ್ಕ್ ಹೆಚ್ಚು ಬಳಕೆಯಲ್ಲಿತ್ತೆಂದು ಕಿವಿಗೆ ಬಿದ್ದ ಮೇಲೆ, ಹೂಜಿಯ ಹಾಳೆಗಳನ್ನು ಹುಡುಕಿ ಅಲ್ಲೊಂದು ಇಲ್ಲೊಂದು ಬೆರೆಸಿದ. ಎಲ್ಲದರಲ್ಲೂ ಹೂಜಿ ಇದ್ದರೆ ಅನುಮಾನ ಬರುತ್ತದಲ್ಲ! ಹೆಸರಾಂತ ಜೀವನಚರಿತ್ರೆಕಾರ ಬಾಸ್ವೆಲ್‌ನಂಥವನೇ ಮಂಡಿಯೂರಿ ಆ ಕಾಗದಗಳಿಗೆ ಮುತ್ತಿಟ್ಟ. ಮರುವರ್ಷ ಎಡ್ಮಂಡ್ ಮಲೋನ್ ಎಂಬ ವಿದ್ವಾಂಸ ದಪ್ಪ ಪುಸ್ತಕವೊಂದನ್ನು ಬರೆದು ಬಣ್ಣ ಬಯಲು ಮಾಡಿದ.

ಆದರೂ ಐರ್ಲೆಂಡ್ ಎಳೆಯ. ಈ ಲೋಕದ ನಿಜವಾದ ಖಳನಾಯಕ ಥಾಮಸ್ ಜೆ. ವೈಸ್. ಇಂಗ್ಲೆಂಡಿನ ಹೆಸರಾಂತ ಪುಸ್ತಕ ಸಂಗ್ರಾಹಕ, ಬಿಬ್ಲಿಯೋಗ್ರಾಫಿಕಲ್ ಸೊಸೈಟಿಯ ಅಧ್ಯಕ್ಷನಾಗಿದ್ದವನು. ಅವನ ಅತಿ ಚೆಂದದ ಸುಳ್ಳು ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಗಂಡನ ಮೇಲಿನ ಪ್ರೀತಿಗೆ ಬರೆದ ಸಾನೆಟ್‌ಗಳ ಕಿರುಹೊತ್ತಿಗೆ, ‘ರೆಡಿಂಗ್, 1847’ ಎಂದು ಅಚ್ಚಾದದ್ದು. ಆ ಪದ್ಯಗಳು ನಿಜಕ್ಕೂ ಮೊದಲು ಪ್ರಕಟವಾದದ್ದು 1850ರಲ್ಲಿ. ಈ ಹೊತ್ತಿಗೆಗೆ ಒತ್ತಾಸೆಯಾಗಿ ಒಂದು ಕತೆಯೂ ಹುಟ್ಟಿತ್ತು. ವಿಮರ್ಶಕ ಎಡ್ಮಂಡ್ ಗಾಸ್ ಬರೆದ ಪ್ರಕಾರ, ಪೀಸಾದಲ್ಲಿ ಒಂದು ಬೆಳಿಗ್ಗೆ, ತಿಂಡಿಯಾದ ಮೇಲೆ, ರಾಬರ್ಟ್ ಬ್ರೌನಿಂಗ್ ಕಿಟಕಿಯಲ್ಲಿ ನಿಂತು ಬೀದಿ ನೋಡುತ್ತಿದ್ದ. ಹಿಂದಿನಿಂದ ಬಂದ ಹೆಂಡತಿ ಅವನು ತಿರುಗದಂತೆ ತಡೆದು, ಕೋಟಿನ ಜೇಬಿಗೆ ಕಾಗದದ ಕಟ್ಟೊಂದನ್ನು ತುರುಕಿ ಓಡಿಹೋದಳು. ಎಂಥ ದೃಶ್ಯ! ಆದರೆ ಬ್ರೌನಿಂಗ್ ಹೇಳಿದ್ದೇ ಬೇರೆ. ಆ ಪದ್ಯಗಳನ್ನು ಅವನು ಮೊದಲು ಕಂಡದ್ದು 1849ರಲ್ಲಿ.

ಜಾನ್ ಕಾರ್ಟರ್, ಗ್ರಹಾಂ ಪೊಲಾರ್ಡ್ ಎಂಬ ಇಬ್ಬರು ಯುವ ಪುಸ್ತಕ ವ್ಯಾಪಾರಿಗಳು ಆ ಕಿರುಹೊತ್ತಿಗೆಯ ಕಾಗದವನ್ನು ಸೂಕ್ಷ್ಮದರ್ಶಕದಡಿ ಇಡಿಸಿ, ಕಂಡದ್ದನ್ನು 1934ರಲ್ಲಿ ಪುಸ್ತಕ ಮಾಡಿದರು. ರಾಸಾಯನಿಕವಾಗಿ ಬೇಯಿಸಿದ ಮರದ ತಿರುಳು! ಇಂಗ್ಲೆಂಡಿನಲ್ಲಿ 1874ಕ್ಕಿಂತ ಮೊದಲು ಅಂಥ ಕಾಗದವೇ ಇರಲಿಲ್ಲ. ಅಚ್ಚುಮೊಳೆಯಲ್ಲಿ ‘ಎಫ್’ ಅಕ್ಷರದ ಕೊಂಡಿ ಪಕ್ಕದ ಅಕ್ಷರದ ಮೇಲೆ ಚಾಚದೆ ಒಳಗೇ ಮುದುಡಿತ್ತು, ಅದೂ 1880ರ ನಂತರದ ಲಕ್ಷಣ. ಐವತ್ತರಷ್ಟು ಹೊತ್ತಿಗೆಗಳನ್ನು ಹೀಗೆ ಜಾಲಾಡಿದರು, ಹೆಚ್ಚಿನವು ಖೋಟಾ. ವೈಸ್‌ನನ್ನು ಖೋಟಾಗಾರನೆಂದು ಅವರು ನೇರವಾಗಿ ಕರೆಯಲಿಲ್ಲ, ಸಾಕ್ಷ್ಯ ಜೋಡಿಸಿಟ್ಟು ಸುಮ್ಮನಾದರು. ಅಪರೂಪದ ಪುಸ್ತಕಗಳ ನಕಲಿ ಮಾಡಿ ಸಿಕ್ಕಿಬೀಳದೆ ಉಳಿಯಲು ಸಾಧ್ಯವೇ ಇಲ್ಲವೆಂದು ಹಿಂದೆ ವೈಸ್ ತಾನೇ ಬರೆದಿದ್ದ. ಆ ಮಾತನ್ನೇ ಇವರು ತಮ್ಮ ಪುಸ್ತಕದ ಮೊದಲಿಗೆ ಅಚ್ಚು ಹಾಕಿಸಿದರು. ಇದಕ್ಕಿಂತ ಸಭ್ಯವಾದ ಕಪಾಳಮೋಕ್ಷ ನಾನು ಓದಿಲ್ಲ.

ಕತೆ ಅಲ್ಲಿಗೂ ಮುಗಿಯಲಿಲ್ಲ. 1937ರಲ್ಲಿ ವೈಸ್ ಸತ್ತ ಮೇಲೆ ಅವನ ಆ್ಯಶ್ಲಿ ಲೈಬ್ರರಿಯನ್ನು ಬ್ರಿಟಿಷ್ ಮ್ಯೂಸಿಯಂ ಕೊಂಡುಕೊಂಡಿತು. ಅಲ್ಲೇ ಕೆಲಸಕ್ಕಿದ್ದ ಡೇವಿಡ್ ಫಾಕ್ಸನ್ 1950ರ ದಶಕದಲ್ಲಿ ವೈಸ್‌ನ ಹಳೆಯ ನಾಟಕ ಪುಸ್ತಕಗಳನ್ನು ಮ್ಯೂಸಿಯಂನ ಪ್ರತಿಗಳ ಪಕ್ಕ ಇಟ್ಟು ನೋಡಿದರು. ಒಂದರಲ್ಲಿ ಹಾಳೆ ಕಾಣೆ, ಇನ್ನೊಂದರಲ್ಲಿ ಅದೇ ಹಾಳೆ ಹಾಜರು. ತನ್ನ ಹರಕು ಪ್ರತಿಗಳನ್ನು ಪೂರ್ತಿ ಮಾಡಿಕೊಳ್ಳಲು ಮ್ಯೂಸಿಯಂನ ಪುಸ್ತಕಗಳಿಂದಲೇ ವೈಸ್ ಹಾಳೆ ಹಾರಿಸಿದ್ದ. ಆ ಸಂಗ್ರಹಕ್ಕೆ ಮ್ಯೂಸಿಯಂ ಕೊಟ್ಟದ್ದು 66,000 ಪೌಂಡ್, ಕಳುವಾದ ತನ್ನದೇ ಹಾಳೆಗಳ ಬೆಲೆಯೂ ಸೇರಿ.