ಕಿಲುಬು ಹಿಡಿದ ಬೋಲ್ಟು

ಅಂಬಾಸಡರ್ ಕಾರುಗಳ ಕಾಲದಲ್ಲಿ ವಾಹನ ರಿಪೇರಿ ಎಂಬುದು ಕಣ್ಣು, ಕಿವಿ, ಮೂಗುಗಳ ಕೆಲಸವಾಗಿತ್ತು. ಎಂಜಿನ್ ಮಿಸ್ ಹೊಡೆಯುವ ಸದ್ದು ಕೇಳಿಯೇ ಹಳೆಯ ಮೇಸ್ತ್ರಿಗಳು ‘ಪಾಯಿಂಟ್ ಸುಟ್ಟಿದೆ’ ಎನ್ನುತ್ತಿದ್ದರು. ಕಾರ್ಬ್ಯುರೇಟರಿನಲ್ಲಿ ಕಸ ಸಿಕ್ಕಿದ್ದರೆ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಬಾಯಿಂದ ಊದಿ ಮತ್ತೆ ಜೋಡಿಸುತ್ತಿದ್ದರು. ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಇಂದಿನ ಕಾರಿನಲ್ಲಿ ಹಾಗಲ್ಲ. ಸ್ಟಿಯರಿಂಗಿನ ಮುಂದೆ ಎಂಜಿನ್ ಆಕಾರದ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ, ಅಷ್ಟೆ. ಮಾಲೀಕರ ಎದೆಯಲ್ಲಿ ಅವಲಕ್ಕಿ ಕುಟ್ಟಲು ಅಷ್ಟೇ ಸಾಕು.

ಶಿವಮೊಗ್ಗದಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡಿಕೊಂಡು ಬಂದಿರುವ ನಾನು ಆ ದೀಪ ಹೊತ್ತಿಸಿಕೊಂಡು ಬರುವವರ ಮುಖಗಳನ್ನು ದಿನವೂ ನೋಡುತ್ತೇನೆ. ಅವರಲ್ಲಿ ಅನೇಕರು ಬೇರೆ ಕಡೆ ಒಂದು ಮಾತು ಕೇಳಿಸಿಕೊಂಡೇ ಬಂದಿರುತ್ತಾರೆ: ‘ಇಸಿಎಂ ಹೋಗಿದೆ, ಹೊಸದು ಹಾಕಬೇಕು.’ ಈ ಮೂರಕ್ಷರಕ್ಕೆ ಇರುವ ಬೆಲೆ ಸಣ್ಣದಲ್ಲ.

ಇಸಿಎಂ ಎಂದರೆ ಎಂಜಿನ್ನನ್ನು ನಿಯಂತ್ರಿಸುವ ಗಣಕ. ಊಟದ ಡಬ್ಬಿಯಷ್ಟು ಗಾತ್ರದ ಒಂದು ಲೋಹದ ಪೆಟ್ಟಿಗೆ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಎಷ್ಟು ಗಾಳಿ ಒಳಗೆ ಬರುತ್ತಿದೆ, ನೀರು ಎಷ್ಟು ಬಿಸಿಯಾಗಿದೆ, ಚಾಲಕ ಎಷ್ಟು ಆಕ್ಸಿಲರೇಟರ್ ಒತ್ತಿದ್ದಾನೆ ಎಂಬುದನ್ನೆಲ್ಲ ಸೆನ್ಸರುಗಳು ಅದಕ್ಕೆ ತಿಳಿಸುತ್ತವೆ. ಎಷ್ಟು ಇಂಧನ ಬಿಡಬೇಕು, ಯಾವ ಗಳಿಗೆಯಲ್ಲಿ ಕಿಡಿ ಹಾರಿಸಬೇಕು ಎಂದು ಅದು ಲೆಕ್ಕ ಹಾಕಿ ಆಜ್ಞೆ ಕೊಡುತ್ತದೆ. ಹೊಗೆಯ ನಿಯಮಗಳು ಬಿಗಿಯಾದಂತೆಲ್ಲ ಈ ಪೆಟ್ಟಿಗೆಯ ಅಧಿಕಾರವೂ ಹೆಚ್ಚಿತು. 2000ದಲ್ಲಿ ಯೂರೋ-1ಕ್ಕೆ ಸಮನಾದ ನಿಯಮ ಬಂತು. 2017ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್-4 ದೇಶಕ್ಕೆಲ್ಲ ಅನ್ವಯವಾಯಿತು. 2020ರ ಏಪ್ರಿಲ್‌ನಲ್ಲಿ ಐದನೆಯದನ್ನು ಬಿಟ್ಟು ನೇರವಾಗಿ ಸ್ಟೇಜ್-6ಕ್ಕೆ ಜಿಗಿದೆವು. ಕೇವಲ ಕಾರ್ಬ್ಯುರೇಟರ್ ನಂಬಿಕೊಂಡು ಇಷ್ಟು ಕಟ್ಟುನಿಟ್ಟು ಪಾಲಿಸುವುದು ಸಾಧ್ಯವೇ ಇರಲಿಲ್ಲ.

ದೀಪ ಹೊತ್ತಿದಾಗ ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿ ನೋಡುತ್ತಾರೆ. ಪರದೆಯ ಮೇಲೆ ಒಂದು ಸಂಖ್ಯೆ ಮೂಡುತ್ತದೆ. ತೊಂದರೆ ಶುರುವಾಗುವುದು ಇಲ್ಲಿಂದಲೇ. ಉದಾಹರಣೆಗೆ ಪಿ0335 ಎಂಬ ಸಂಖ್ಯೆ ಬಂತೆನ್ನಿ. ಅನೇಕರು ಅದನ್ನು ‘ಕ್ರ್ಯಾಂಕ್ ಸೆನ್ಸರ್ ಕೆಟ್ಟಿದೆ’ ಎಂದು ಓದುತ್ತಾರೆ. ಆದರೆ ಆ ಸಂಖ್ಯೆ ಹಾಗೆ ಹೇಳುವುದೇ ಇಲ್ಲ. ‘ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷವಿದೆ’ ಎಂದಷ್ಟೇ ಅದರ ಅರ್ಥ. ಸರ್ಕ್ಯೂಟ್ ಎಂದರೆ ಸೆನ್ಸರ್ ಒಂದೇ ಅಲ್ಲ. ಅದರ ವೈರು, ಕಪ್ಲರು, ಕಪ್ಲರಿನೊಳಗಿನ ಪಿನ್ನು, ಅರ್ತ್, ಕೊನೆಗೆ ಇಸಿಎಂ, ಎಲ್ಲವೂ ಸೇರಿದ್ದು. ಜ್ವರ ಬಂದಿದೆ ಎಂದು ಥರ್ಮಾಮೀಟರ್ ಹೇಳುತ್ತದೆ. ಮಲೇರಿಯಾ ಎಂದು ಹೇಳಲು ರಕ್ತಪರೀಕ್ಷೆಯೇ ಬೇಕು. ಸ್ಕ್ಯಾನರ್ ಈ ಥರ್ಮಾಮೀಟರ್ ಇದ್ದಂತೆ.

ತೀರ್ಥಹಳ್ಳಿ ಕಡೆಯ ಟ್ಯಾಕ್ಸಿ ಮಾಲೀಕರೊಬ್ಬರ ಪ್ರಸಂಗವನ್ನು ಇಲ್ಲಿ ಹೇಳಬೇಕು. ಕಾರಿನ ಮೇಲೆ ಸಾಲವಿತ್ತು, ಮಗಳು ಎರಡನೇ ಪಿಯುಸಿಯಲ್ಲಿದ್ದಳು. ಮಳೆಗಾಲದ ರಾತ್ರಿಗಳಲ್ಲಿ ಕಾರು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಆಗುಂಬೆ ಘಾಟಿಯ ತಿರುವಿನಲ್ಲೊಮ್ಮೆ, ಪ್ರಯಾಣಿಕರು ತುಂಬಿಕೊಂಡಿದ್ದಾಗ, ಎಂಜಿನ್ ಆಫ್ ಆಗಿ ಜೀವ ಕೈಯಲ್ಲಿ ಹಿಡಿದಂತಾಗಿತ್ತಂತೆ. ಒಂದು ವರ್ಕ್‌ಶಾಪಿನಲ್ಲಿ ಎರಡು ದಿನ ಇಟ್ಟುಕೊಂಡು, ಇಸಿಎಂ ಬದಲಿಸಬೇಕೆಂದು ನಲವತ್ತು ಸಾವಿರ ರೂಪಾಯಿಯ ಅಂದಾಜು ಪಟ್ಟಿ ಬರೆದು ಕೊಟ್ಟಿದ್ದರು.

“ಮೇಸ್ತ್ರಿ, ಗಾಡಿ ಮಾರಿದ್ರೆ ಸಾಲ ತೀರಲ್ಲ, ಇಟ್ಕೊಂಡ್ರೆ ಓಡಲ್ಲ. ಈ ದುಡ್ಡು ಕೊಟ್ಟುಬಿಟ್ರೆ ಮಗಳ ಕಾಲೇಜಿಗೆ ಏನು ಕಟ್ಲಿ?” ಎಂದರು ಅವರು. ಪಟ್ಟಿಯನ್ನು ಮಡಚಿ ಮಡಚಿ ಅದು ಗೆರೆ ಬಿದ್ದು ಹರಿಯುವಂತಾಗಿತ್ತು.

ಸ್ಕ್ಯಾನರ್ ಹಾಕಿ ನೋಡಿದರೆ ಉಳಿದಿದ್ದ ಸಂಖ್ಯೆ ಪಿ0562. ‘ನನಗೆ ಬರುತ್ತಿರುವ ವೋಲ್ಟೇಜ್ ಕಡಿಮೆ’ ಎಂದು ಇಸಿಎಂ ತಾನೇ ಕೊಡುವ ದೂರು ಅದು. ಆದರೆ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಮೀಟರ್ ಇಟ್ಟರೆ 13.8 ವೋಲ್ಟ್ ತೋರಿಸಿತು. ಬ್ಯಾಟರಿಯೂ ಸರಿ, ಅದನ್ನು ಚಾರ್ಜು ಮಾಡುವ ಆಲ್ಟರ್ನೇಟರೂ ಸರಿ. ಕಣಜದಲ್ಲಿ ಅಕ್ಕಿ ತುಂಬಿದೆ, ಅಡುಗೆಮನೆಯವರು ಅಕ್ಕಿ ಸಾಲದು ಎನ್ನುತ್ತಿದ್ದಾರೆ. ಹಾಗಾದರೆ ನಡುದಾರಿಯಲ್ಲಿ ಎಲ್ಲೋ ಸೋರುತ್ತಿರಬೇಕಲ್ಲವೆ?

ಸೋರಿಕೆ ಹುಡುಕುವ ವಿಧಾನ ಸರಳ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಇಸಿಎಂಗೆ ಬರುವ ಪ್ಲಸ್ ವೈರಿಗೂ ಹಿಡಿಯಬೇಕು. ನಡುವೆ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆಯೋ ಅಷ್ಟನ್ನು ಮೀಟರ್ ತೋರಿಸುತ್ತದೆ. 0.1 ವೋಲ್ಟ್ ಬಂತು, ತಕರಾರಿಲ್ಲ. ಆಮೇಲೆ ಅದೇ ರೀತಿ ಬ್ಯಾಟರಿಯ ಮೈನಸ್ಸಿಗೂ ಇಸಿಎಂನ ಅರ್ತ್ ವೈರಿಗೂ ಹಿಡಿದೆವು. ಅಲ್ಲೂ 0.1. ಬಹುಶಃ ಹಿಂದಿನವರು ಇಲ್ಲಿಗೇ ನಿಲ್ಲಿಸಿ, ವೈರಿಂಗ್ ಸರಿಯಾಗಿದೆ ಎಂದುಕೊಂಡಿದ್ದಾರು. ಆದರೆ ಕಾರು ನಿಲ್ಲುತ್ತಿದ್ದುದು ಹಗಲಿನಲ್ಲಲ್ಲ. ನನ್ನ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ ಒಬ್ಬ ಐಟಿಐ ಮುಗಿಸಿ ಬಂದವನು. “ಹೆಡ್‌ಲೈಟ್ ಹಾಕಿ ನೋಡೋಣ್ವಾ ಸಾರ್?” ಎಂದ. ಹೆಡ್‌ಲೈಟ್ ಹಾಕಿ, ರೇಡಿಯೇಟರ್ ಫ್ಯಾನು ತಿರುಗುವವರೆಗೆ ಕಾದೆವು. ಮೀಟರ್ 0.1ರಿಂದ 1.4ಕ್ಕೆ ಏರಿತು. ಹುಡುಗ ಬ್ಯಾಟರಿಯ ಬಳಿಯ ಅರ್ತ್ ಕೇಬಲ್ಲನ್ನು ಅಲುಗಾಡಿಸಿದ. ಮೀಟರ್ 6 ವೋಲ್ಟ್ ದಾಟಿತು, ಎಂಜಿನ್ ಗಕ್ಕನೆ ನಿಂತಿತು. ಬೆಂಚಿನ ಮೇಲೆ ಕೂತಿದ್ದ ಮಾಲೀಕರು ಧಡಕ್ಕನೆ ಎದ್ದು ನಿಂತರು. “ಇದೇ! ರಾತ್ರಿ ಹಿಂಗೇ ಆಗೋದು!”

ಬ್ಯಾಟರಿ ತಟ್ಟೆಯ ಕೆಳಗೆ, ಕೇಬಲ್ ಬಾಡಿಗೆ ಸೇರುವ ಬೋಲ್ಟು ಕಿಲುಬು ಹಿಡಿದು ಹಸಿರಾಗಿತ್ತು. ಬ್ಯಾಟರಿಯ ಆಸಿಡ್ಡಿನ ಹಬೆ, ಮೇಲೆ ಮಲೆನಾಡಿನ ಮಳೆ. ಎರಡೂ ಸೇರಿ ಮಾಡಿದ ಕೆಲಸ. ಉಪ್ಪುಕಾಗದದಲ್ಲಿ ಉಜ್ಜಿ, ಕೇಬಲ್ಲಿಗೆ ಹೊಸ ಲಗ್ ಹಾಕಿ, ಬಿಗಿದು, ಗ್ರೀಸು ಸವರಿದೆವು. ಹೆಡ್‌ಲೈಟು, ಫ್ಯಾನು, ವೈಪರು ಎಲ್ಲ ಹಾಕಿದರೂ ಮೀಟರ್ 0.1 ಬಿಟ್ಟು ಮೇಲೇಳಲಿಲ್ಲ. ಖರ್ಚು ಕೆಲವು ನೂರು ರೂಪಾಯಿ.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಈ 1.4ರ ಗುಟ್ಟನ್ನು. ಅದು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿಯೇ ಇದೆ. ಶಾಲೆಯ ಮಾಸ್ತರರಾಗಿದ್ದ ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ: ವಿಭವಾಂತರವೆಂದರೆ ವಿದ್ಯುತ್ ಪ್ರವಾಹ ಗುಣಿಸು ರೋಧ. 55 ವಾಟಿನ ಎರಡು ಹೆಡ್‌ಲೈಟು ಬಲ್ಬುಗಳು ಸುಮಾರು 9 ಆಂಪಿಯರ್ ಎಳೆಯುತ್ತವೆ. ಫ್ಯಾನು ಸೇರಿದರೆ ಒಟ್ಟು 20ರ ಆಸುಪಾಸು. ಕಿಲುಬಿನ ರೋಧ ಬರೀ 0.07 ಓಮ್ ಎಂದಿಟ್ಟುಕೊಳ್ಳಿ. 20ನ್ನು 0.07ರಿಂದ ಗುಣಿಸಿದರೆ 1.4. ಅಷ್ಟು ಸಣ್ಣ ರೋಧವನ್ನು ಸಾಮಾನ್ಯ ಮೀಟರಿನ ಓಮ್ ಮಾಪನದಲ್ಲಿ ನಂಬಿಕೆಯಿಂದ ಅಳೆಯಲಾಗದು. ಪ್ರವಾಹ ಹರಿಯದಿದ್ದರೆ ಆ ರೋಧ ಬಾಯಿಯನ್ನೇ ಬಿಡುವುದಿಲ್ಲ. ಆದ್ದರಿಂದಲೇ ಭಾರ ಹೊರಿಸಿ ಅಳೆಯಬೇಕು ಎನ್ನುವುದು.

ಇದೇ ಕಾರಣಕ್ಕೆ ಅನೇಕ ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರಾ 12 ವೋಲ್ಟ್ ತೋರಿಸುತ್ತದೆ. ಅದೇ ವೈರಿಗೆ 21 ವಾಟಿನ ಬಲ್ಬು ಹಚ್ಚಿ ನೋಡಿ. ಬಲ್ಬು ಮಂಕಾಗಿ ಉರಿದು ಸತ್ಯ ಹೊರಬೀಳುತ್ತದೆ. ಒಂದು ಎಚ್ಚರಿಕೆ: ಈ ಬಲ್ಬಿನ ಪರೀಕ್ಷೆ ದೀಪ, ಪಂಪುಗಳಂಥ ದಪ್ಪ ವೈರುಗಳಿಗೆ ಮಾತ್ರ. ಸೆನ್ಸರುಗಳ ಸೂಕ್ಷ್ಮ ವೈರುಗಳಿಗೆ ಬಲ್ಬು ಹಚ್ಚಿದರೆ ಇಸಿಎಂಗೇ ಅಪಾಯ. ಅಲ್ಲಿ ಡಿಜಿಟಲ್ ಮೀಟರೇ ಬೇಕು.

ಸೆನ್ಸರುಗಳದ್ದೂ ಒಂದು ಮೋಜಿನ ಲೆಕ್ಕವಿದೆ. ಅನೇಕ ಸೆನ್ಸರುಗಳಿಗೆ ಇಸಿಎಂ 5 ವೋಲ್ಟ್ ಹಂಚುತ್ತದೆ. ಹಲವು ಕಾರುಗಳಲ್ಲಿ ಎರಡು ಮೂರು ಸೆನ್ಸರುಗಳಿಗೆ ಒಂದೇ ಹಂಚಿಕೆ. ಅವುಗಳಲ್ಲಿ ಒಂದು ಒಳಗೊಳಗೇ ಶಾರ್ಟ್ ಆದರೆ 5 ವೋಲ್ಟ್ ಕುಸಿದು, ಉಳಿದವೂ ಸುಳ್ಳು ಹೇಳತೊಡಗುತ್ತವೆ. ಸ್ಕ್ಯಾನರಿನಲ್ಲಿ ಒಮ್ಮೆಲೇ ನಾಲ್ಕಾರು ದೂರುಗಳು. ‘ಇಷ್ಟೆಲ್ಲ ಒಟ್ಟಿಗೆ ಕೆಡುವುದುಂಟೆ, ಇಸಿಎಂ ಹೋಗಿದೆ’ ಎಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ 5 ವೋಲ್ಟಿನ ವೈರಿಗೆ ಮೀಟರ್ ಹಿಡಿದು, ಸೆನ್ಸರುಗಳ ಕಪ್ಲರುಗಳನ್ನು ಒಂದೊಂದಾಗಿ ಕಳಚುತ್ತ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿ ಬಂತೋ ಅಪರಾಧಿ ಅಲ್ಲಿಯೇ ಇದ್ದಾನೆ: ಆ ಸೆನ್ಸರಿನಲ್ಲಿ, ಇಲ್ಲವೇ ಅದಕ್ಕೆ ಹೋಗುವ ವೈರಿನಲ್ಲಿ. ಎಲ್ಲವನ್ನೂ ಕಳಚಿದರೂ ಬಾರದಿದ್ದರೆ ಆ 5 ವೋಲ್ಟಿನ ವೈರೇ ಎಲ್ಲಾದರೂ ಬಾಡಿಗೆ ತಾಗಿದೆಯೇ ಎಂದು ನೋಡಬೇಕು. ಹೊಸ ಮನೆಯ ಬೆಚ್ಚಗಿನ ಎಂಜಿನ್ ಕೋಣೆಯಲ್ಲಿ ಸಂಸಾರ ಹೂಡಿ ವೈರು ಕಡಿಯುವ ಇಲಿಗಳನ್ನೂ ಮರೆಯುವಂತಿಲ್ಲ.

ಹಾಗಾದರೆ ಇಸಿಎಂ ಕೆಡುವುದೇ ಇಲ್ಲವೆ? ಖಂಡಿತ ಕೆಡುತ್ತದೆ. ಗಾಜಿನ ಕೆಳಗಿನ ನೀರು ಹೋಗುವ ದಾರಿಯಲ್ಲಿ ಎಲೆ ಕಟ್ಟಿಕೊಂಡು ಮಳೆನೀರು ಒಳನುಗ್ಗಿದರೆ, ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ, ಬ್ಯಾಟರಿ ಕಳಚದೆ ಬಾಡಿಗೆ ವೆಲ್ಡಿಂಗ್ ಮಾಡಿದರೆ ಕೆಡಬಹುದು. ನನ್ನ ಬಳಿ ಬಂದ ಒಂದು ಪೆಟ್ರೋಲ್ ಕಾರು ಮೂರೇ ಸಿಲಿಂಡರಿನಲ್ಲಿ ಓಡುತ್ತಿತ್ತು. ನಾಲ್ಕನೆಯ ಇಂಜೆಕ್ಟರಿಗೆ ಪ್ಲಸ್ ಬರುತ್ತಿತ್ತು, ಇಸಿಎಂವರೆಗಿನ ವೈರು ಎಲ್ಲೂ ತುಂಡಾಗಿರಲಿಲ್ಲ, ಬೇರೆ ವೈರಿಗೆ ತಾಗಿಯೂ ಇರಲಿಲ್ಲ. ಇಸಿಎಂನ ಪ್ಲಸ್ಸೂ ಅರ್ತೂ ಭಾರದಲ್ಲಿಯೂ ಸರಿಯಿದ್ದವು. ಆದರೂ ಆ ಒಂದು ಪಿನ್ನಿನಿಂದ ಮಾತ್ರ ಆಜ್ಞೆ ಹೊರಡುತ್ತಿರಲಿಲ್ಲ. ಇಲ್ಲಿ ನಿಜವಾಗಿಯೂ ಇಸಿಎಂ ಕೆಟ್ಟಿತ್ತು.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಯಾಕೆ ಕೆಟ್ಟಿತು? ಇಂಜೆಕ್ಟರುಗಳ ರೋಧ ಅಳೆದೆವು. ಮೂರರಲ್ಲಿ ತಲಾ 12 ಓಮ್, ನಾಲ್ಕನೆಯದರಲ್ಲಿ 2. ಮತ್ತೆ ಓಮ್ ಮಾಸ್ತರರ ಲೆಕ್ಕವೇ: 12 ವೋಲ್ಟಿಗೆ 12 ಓಮ್ ಇದ್ದರೆ 1 ಆಂಪಿಯರ್, 2 ಓಮ್ ಇದ್ದರೆ 6. ಒಂದರ ಭಾರ ಹೊರಲೆಂದು ಮಾಡಿದ ಟ್ರಾನ್ಸಿಸ್ಟರಿನ ತಲೆಯ ಮೇಲೆ ಆರರ ಹೊರೆ ಬಿದ್ದು ಅದು ಸುಟ್ಟಿತ್ತು. ಇಂಜೆಕ್ಟರ್ ಬದಲಿಸದೆ ಹೊಸ ಇಸಿಎಂ ಕೂರಿಸಿದ್ದರೆ ಅದೂ ಅದೇ ದಾರಿ ಹಿಡಿಯುತ್ತಿತ್ತು. ಸಾಲದ್ದಕ್ಕೆ ಇಂದಿನ ಕಾರುಗಳಲ್ಲಿ ಇಸಿಎಂ ಮತ್ತು ಕೀಲಿಯ ನಡುವೆ ಗುಪ್ತ ಸಂಕೇತದ ನಂಟಿರುತ್ತದೆ. ಪಕ್ಕದ ಕಾರಿನದನ್ನು ತಂದು ‘ಹಾಕಿ ನೋಡೋಣ’ ಎಂದರೆ ಎಂಜಿನ್ ಸ್ಟಾರ್ಟೇ ಆಗದಿರಬಹುದು.

ಆದ್ದರಿಂದ ಕಾರಿರುವ ತಂದೆತಾಯಂದಿರಿಗೆ ನನ್ನದೊಂದು ಸಲಹೆ. ಇಸಿಎಂ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಜಗಳ ಬೇಡ, ಮೂರು ಪ್ರಶ್ನೆ ಕೇಳಿ. ಸ್ಕ್ಯಾನರಿನಲ್ಲಿ ಬಂದ ಸಂಖ್ಯೆ ಯಾವುದು, ಬರೆದು ಕೊಡುತ್ತೀರಾ? ಇಸಿಎಂಗೆ ಬರುವ ಪ್ಲಸ್ಸನ್ನೂ ಅರ್ತನ್ನೂ ದೀಪ, ಫ್ಯಾನು ಹಾಕಿ ಅಳೆದಿದ್ದೀರಾ? ಇದು ಕೆಟ್ಟಿದ್ದರೆ ಕೆಡಿಸಿದ್ದು ಯಾವುದು? ಕೆಲಸ ಬಲ್ಲವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಸಂತೋಷದಿಂದ ಮೀಟರ್ ಹಿಡಿದು ತೋರಿಸುತ್ತಾರೆ.

ಇನ್ನೊಂದು ಮಾತು ಮಕ್ಕಳ ಓದಿನ ಬಗ್ಗೆ. ನನ್ನ ಬಳಿಯಿದ್ದ ಆ ಹುಡುಗನ ತಂದೆಗೆ ಮಗ ‘ಕೈಗೆ ಮಸಿ ಹತ್ತೋ ಕೆಲಸ’ಕ್ಕೆ ಬಂದನಲ್ಲ ಎಂಬ ಕೊರಗಿತ್ತು. ಅಂಥ ಕೊರಗು ಅವರೊಬ್ಬರದೇ ಅಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಮೋಟಾರು ಮೆಕ್ಯಾನಿಕ್ ಐಟಿಐ ಇದೆ, ಮೂರು ವರ್ಷದ ಆಟೋಮೊಬೈಲ್ ಡಿಪ್ಲೊಮಾ ಇದೆ. ಕಡಿಮೆ ಅಂಕ ಬಂದವರ ಪಾಡು ಎಂದು ಅವನ್ನು ನೋಡುವವರು ಇಂದಿನ ಗ್ಯಾರೇಜನ್ನು ಒಮ್ಮೆ ಒಳಹೊಕ್ಕು ನೋಡಬೇಕು. ಸರ್ಕ್ಯೂಟಿನ ನಕ್ಷೆ ಓದಬೇಕು, ಲೆಕ್ಕ ಹಾಕಬೇಕು, ಇಂಗ್ಲಿಷಿನ ಕೈಪಿಡಿ ಅರ್ಥಮಾಡಿಕೊಳ್ಳಬೇಕು, ಎಲ್ಲಕ್ಕಿಂತ ಮಿಗಿಲಾಗಿ ಗೊತ್ತಾಗುವವರೆಗೆ ‘ಗೊತ್ತಿಲ್ಲ’ ಎಂದು ಸುಮ್ಮನಿರುವ ತಾಳ್ಮೆ ಬೇಕು. ಸೂತ್ರವನ್ನು ಉರುಹೊಡೆದು ಅಂಕ ಗಳಿಸಿದವರೆಲ್ಲರಿಗೂ ಇದು ಸಾಧ್ಯವಾಗುವುದಿಲ್ಲ.

ಹುಡುಗ ಈಗ ಸ್ವಂತ ಶೆಡ್ಡು ಹಾಕಿಕೊಂಡಿದ್ದಾನೆ. ಕಲಿಯುವಾಗ ನಾನು ಹಚ್ಚಿದ ಒಂದು ರೂಢಿಯನ್ನು ಬಿಟ್ಟಿಲ್ಲ. ಪ್ರತಿ ಕಾರಿಗೂ ನೋಟ್‌ಬುಕ್ಕಿನ ಒಂದು ಪುಟ, ಪುಟಕ್ಕೆ ಮೂರು ಕಲಂ: ಎಷ್ಟು ಇರಬೇಕಿತ್ತು, ಎಷ್ಟು ಇತ್ತು, ಅದರಿಂದ ಏನು ತಿಳಿಯಿತು. ಮೂರನೆಯದನ್ನು ಬರೆಯುವವರೆಗೆ ಯಾವ ಬಿಡಿಭಾಗಕ್ಕೂ ಆರ್ಡರ್ ಕೊಡಬಾರದು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿದ್ದರೆ, ಒಂದು ಸಾಧಾರಣ ಮಲ್ಟಿಮೀಟರ್, ಒಂದು ಟಾರ್ಚಿನ ಸೆಲ್ಲು, ಒಂದು ಬಲ್ಬು ತಂದುಕೊಟ್ಟು, ಅಂಥದೇ ಮೂರು ಕಲಂ ಬರೆಯಲು ಹೇಳಿ ನೋಡಿ.